ಲಂಟಾನ ಮೇದ ದನಕ್ಕೆ ಬಿಸಿಲೇ ಶತ್ರುವಾಗುವ ಬಗೆ

ಕೊಡಗಿನ ಬಾಣೆಗಳಲ್ಲಿಯೂ ಪೈಸಾರಿ ಭೂಮಿಗಳಲ್ಲಿಯೂ ಮೇಯುವ ದನಗಳಿಗೆ ಕೆಲವು ವೇಳೆ ಒಂದು ವಿಚಿತ್ರ ವ್ಯಾಧಿಯು ತಗಲುವುದುಂಟು. ಮುಸುಡಿ, ಕಿವಿ, ಕೆಚ್ಚಲು ಮತ್ತು ಮೈಯ ಬಿಳಿಯ ಮಚ್ಚೆಗಳಿರುವ ಸ್ಥಳಗಳಲ್ಲಿ ಚರ್ಮವು ಕೆಂಪೇರಿ, ಬಾತು, ನೀರೊಸರಿ, ಕಡೆಗೆ ಒಣತೊಗಲಿನಂತೆ ಸುಲಿದುಬರುವುದು. ಅದೇ ದನದ ಮೈಯ ಕರಿಯ ಭಾಗಗಳು ಬಹುಮಟ್ಟಿಗೆ ಚೆನ್ನಾಗಿಯೇ ಇರುವುವು. ನೋಡಿದವರು ಇದನ್ನು ಚರ್ಮರೋಗವೆಂದು ಭಾವಿಸಿ, ಎಣ್ಣೆ ಹಚ್ಚಿ, ದನವನ್ನು ಪುನಃ ಅದೇ ಬಾಣೆಗೆ ಅಟ್ಟಿದರೆ ಅದು ಬದುಕುವುದು ಕಷ್ಟ. ಏಕೆಂದರೆ ಈ ರೋಗದ ಮೂಲವಿರುವುದು ಯಕೃತ್ತಿನಲ್ಲಿ. ಚರ್ಮದಲ್ಲಿ ಕಾಣುವುದು ಅದರ ಫಲ ಮಾತ್ರ.

ಗಿಡದ ವಿಚಾರ

ಈ ವ್ಯಾಧಿಗೆ ಕಾರಣವು ಲಂಟಾನದ ಸೊಪ್ಪು. ಕೆಲವೆಡೆ ಚದುರಂಗಿಯೆಂದು ಕರೆಯುವ ಈ ಗಿಡದ ತವರು ಅಮೆರಿಕಾ ಖಂಡ. 19ನೆಯ ಶತಮಾನದ ಆದಿಯಲ್ಲಿ ಅಲಂಕಾರದ ಗಿಡವಾಗಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಇದು ಕ್ರಮೇಣ ದೇಶದ ಕಾಡುಗಳನ್ನೆಲ್ಲ ವ್ಯಾಪಿಸಿತು. ಹಕ್ಕಿಗಳು ಇದರ ಹಣ್ಣನ್ನು ತಿಂದು ಬೀಜವನ್ನು ದೂರದೂರಕ್ಕೆ ಹರಡುವುವು. ಮರ ಕಡಿದು ಬೆಳಕು ಬಿದ್ದ ಕಡೆಯಲ್ಲಿ ಇದು ಬೇಗನೆ ಪೊದೆಗಟ್ಟುವುದು. ಹಾನಿಕರವಾದ ಕಳೆಗಳ ನಿವಾರಣೆಗಾಗಿ ಕೊಡಗಿನಲ್ಲಿ 1914ರಷ್ಟು ಹಿಂದೆಯೇ ಪ್ರತ್ಯೇಕ ಕಾನೂನು ಆಗಿತ್ತೆಂಬುದನ್ನು ಇಲ್ಲಿ ಸ್ಮರಿಸಬಹುದು.

ವಿಷವು ಮಾಡುವ ಕೆಲಸ

ಲಂಟಾನದ ಎಲೆಯಲ್ಲಿ ಲಂಟಾಡೀನ್ ಎಂಬ ವಿಷವಸ್ತುಗಳಿವೆ. ದನವು ತನ್ನ ತೂಕದ ನೂರಕ್ಕೆ ಸುಮಾರು 1ರಷ್ಟು ಹಸಿ ಸೊಪ್ಪನ್ನು, ಎಂದರೆ 300 ಕಿಲೋ ತೂಗುವ ಹಸುವು 3 ಕಿಲೋದಷ್ಟನ್ನು ತಿಂದರೂ ವಿಷವೇರಬಹುದು. ಗಿಡದ ಜಾತಿಯನ್ನನುಸರಿಸಿ ವಿಷದ ಪ್ರಮಾಣವು ಹೆಚ್ಚುಕಡಿಮೆಯಾಗುವುದು. ಆದರೆ ಹೂವಿನ ಬಣ್ಣವನ್ನು ಮಾತ್ರ ನೋಡಿ ಯಾವ ಗಿಡವನ್ನೂ ನಿರಪಾಯವೆಂದು ನಂಬತಕ್ಕದ್ದಲ್ಲ. ವಿಷವು ಯಕೃತ್ತನ್ನು ಸೇರಿ, ಪಿತ್ತರಸವು ಹೊರಹರಿಯುವ ಸೂಕ್ಷ್ಮನಾಳಗಳನ್ನು ಕೆಡಿಸುವುದು. ಪಿತ್ತವು ರಕ್ತದಲ್ಲಿಯೇ ನಿಂತು ಕಣ್ಣೂ ಒಸಡೂ ಹಳದಿಯಾಗುವುವು. ಇದೇ ಕಾಮಾಲೆ.

ಪಿತ್ತದೊಡನೆ ಮತ್ತೊಂದು ವಸ್ತುವೂ ರಕ್ತದಲ್ಲಿ ಉಳಿಯುವುದು. ದನವು ತಿಂದ ಹಸಿರಿನ ಪತ್ರಹರಿತ್ತನ್ನು ಮೆಲುಕು ಚೀಲದ ಸೂಕ್ಷ್ಮಜೀವಿಗಳು ಒಡೆದು ಫಿಲ್ಲೊಎರಿಥ್ರಿನ್ ಎಂಬ ವರ್ಣದ್ರವ್ಯವನ್ನಾಗಿ ಮಾರ್ಪಡಿಸುವುವು. ಆರೋಗ್ಯವಂತ ದನದಲ್ಲಿ ಯಕೃತ್ತು ಇದನ್ನು ಪಿತ್ತದ ಮೂಲಕ ಹೊರದೂಡುತ್ತದೆ. ಯಕೃತ್ತು ಸೋತಾಗ ಇದು ರಕ್ತದೊಡನೆ ಹರಿದು ಚರ್ಮವನ್ನು ಸೇರುವುದು. ನೆಗ್ಗಿಲು ಮೇದ ಕುರಿಗಳಿಗೆ ದಕ್ಷಿಣ ಆಫ್ರಿಕಾದಲ್ಲಿ ಬರುವ ಇಂಥದೇ ಬೇನೆಗೆ ಈ ವರ್ಣದ್ರವ್ಯವೇ ಕಾರಣವೆಂದು ರಿಮಿಂಗ್ಟನ್ ಮತ್ತು ಕ್ವಿನ್ ಎಂಬ ವಿದ್ವಾಂಸರು 1930ರ ದಶಕದಲ್ಲಿ ತೋರಿಸಿಕೊಟ್ಟರು.

ಬೆಳಕು ಮಾಡುವ ಕೆಲಸ

ಪ್ರಾಣಿಗಳ ಶರೀರವು ಅಸಂಖ್ಯ ಜೀವಕೋಶಗಳಿಂದ ಆದುದು. ಪ್ರತಿಯೊಂದು ಕೋಶದ ಸುತ್ತಲೂ ಕೊಬ್ಬಿನ ಜಾತಿಯ ವಸ್ತುಗಳು ಎರಡು ಪದರವಾಗಿ ಹೊಂದಿಕೊಂಡ ಒಂದು ತೆಳುಪೊರೆಯಿದೆ. ಗದ್ದೆಗೆ ಬದುವು ಹೇಗೋ ಕೋಶಕ್ಕೆ ಈ ಪೊರೆಯು ಹಾಗೆ. ಒಳಗಿರಬೇಕಾದುದನ್ನು ಒಳಗೂ ಹೊರಗಿರಬೇಕಾದುದನ್ನು ಹೊರಗೂ ಇದು ತಡೆದಿಡುವುದು.

ಚರ್ಮದಲ್ಲಿ ನಿಂತ ಫಿಲ್ಲೊಎರಿಥ್ರಿನ್ ಸೂರ್ಯನ ಬೆಳಕನ್ನು ಹೀರಿ, ಆ ಶಕ್ತಿಯನ್ನು ಪಕ್ಕದ ಆಮ್ಲಜನಕಕ್ಕೆ ವರ್ಗಾಯಿಸುವುದು. ಹೀಗೆ ಕೆರಳಿದ ಆಮ್ಲಜನಕವು ಪೊರೆಯ ಕೊಬ್ಬಿನ ಮೇಲೆ ಬೀಳುವುದು. ಬಹುಕಾಲ ಇಟ್ಟ ಎಣ್ಣೆಯು ಗಾಳಿ ಬೆಳಕುಗಳ ಸೋಂಕಿನಿಂದ ಕಮಟು ಹಿಡಿಯುವಂತೆ, ಇಲ್ಲಿಯೂ ಪೊರೆಯ ಕೊಬ್ಬು ಕೆಡುವುದು. ಭೇದವಿಷ್ಟೆ, ಎಣ್ಣೆಗೆ ವಾರಗಟ್ಟಲೆ ಹಿಡಿಯುವ ಕೆಲಸವು ಇಲ್ಲಿ ಬಹು ಬೇಗನೆ ನಡೆದುಹೋಗುವುದು. ಪೊರೆಯು ಸೋರತೊಡಗುವುದು, ಕೋಶದೊಳಗೆ ಜೀರ್ಣಕಾರಕ ವಸ್ತುಗಳನ್ನು ಹಿಡಿದಿಟ್ಟ ಸಣ್ಣ ಚೀಲಗಳೂ ಒಡೆದು ಕೋಶವು ಸಾಯುವುದು. ಬಾವು, ನೀರೊಸರುವಿಕೆ, ಚರ್ಮ ಸುಲಿಯುವುದು ಇವೆಲ್ಲವೂ ಇದರ ಪರಿಣಾಮಗಳೇ.

ಆದುದರಿಂದ ಇದು ಬಿಸಿಲಿನ ಕಾವಿನಿಂದಾದ ಸುಡುವಿಕೆಯಲ್ಲ, ಬೆಳಕಿನಿಂದಾದುದು. ಮೋಡದ ದಿನವೂ ಅಪಾಯವಿಲ್ಲವೆಂದು ಹೇಳುವಂತಿಲ್ಲ. ಕ್ಷ-ಕಿರಣಗಳಂಥ ಪ್ರಬಲ ವಿಕಿರಣಗಳು ಯಾವ ವರ್ಣದ್ರವ್ಯದ ಸಹಾಯವೂ ಇಲ್ಲದೆ, ಕೋಶದೊಳಗಿನ ನೀರನ್ನೇ ಒಡೆದು ಇಂಥ ಹಾನಿಯನ್ನು ಮಾಡಬಲ್ಲುವು. ಕಣ್ಣಿಗೆ ಕಾಣುವ ಬೆಳಕಿಗೆ ಆ ಶಕ್ತಿಯಿಲ್ಲ. ವರ್ಣದ್ರವ್ಯ, ಬೆಳಕು ಎರಡೂ ಕೂಡಿದಾಗಲೇ ಚರ್ಮವು ಕೆಡುವುದು. ಒಂದನ್ನು ತಪ್ಪಿಸಿದರೆ ಚರ್ಮವು ಉಳಿಯುವುದು.

ಕರಿಯ ದನಗಳ ವಿಷಯದಲ್ಲಿ ಎಚ್ಚರಿಕೆ

ಕರಿಯ ಚರ್ಮವು ಬೆಳಕನ್ನು ಮೇಲ್ಭಾಗದಲ್ಲಿಯೇ ತಡೆಯುವುದರಿಂದ ಎಮ್ಮೆಗಳಲ್ಲಿಯೂ ಕರಿಯ ದನಗಳಲ್ಲಿಯೂ ಹುಣ್ಣು ಅಷ್ಟಾಗಿ ಕಾಣಿಸದು. ಆದರೆ ಯಕೃತ್ತಿಗೆ ಬಣ್ಣದ ಭೇದವಿಲ್ಲ. ಇಂಥ ದನವು ಮೇವು ಬಿಟ್ಟು, ಮೆಲುಕು ನಿಲ್ಲಿಸಿ, ಸಗಣಿ ಗಟ್ಟಿಯಾಗಿ, ಕಣ್ಣು ಹಳದಿಯಾದರೆ ಚರ್ಮವು ಚೆನ್ನಾಗಿದ್ದರೂ ಲಂಟಾನದ ವಿಷವನ್ನು ಶಂಕಿಸತಕ್ಕದ್ದು.

ಚಿಕಿತ್ಸೆ

1. ಚಿಹ್ನೆ ಕಂಡೊಡನೆ ದನವನ್ನು ಕತ್ತಲೆಯುಳ್ಳ ಕೊಟ್ಟಿಗೆಯಲ್ಲಿ ಕಟ್ಟತಕ್ಕದ್ದು. ಮರದ ಚೆದುರು ನೆರಳು ಸಾಲದು.

2. ಹಸಿಹುಲ್ಲನ್ನು ಕಡಿಮೆಮಾಡಿ ಒಣ ಭತ್ತದ ಹುಲ್ಲನ್ನೂ ಯಥೇಷ್ಟವಾಗಿ ನೀರನ್ನೂ ಕೊಡಬೇಕು. ಹಸಿರು ಹೆಚ್ಚಿದಷ್ಟೂ ವರ್ಣದ್ರವ್ಯವು ಹೆಚ್ಚುವುದು.

3. ವಿಳಂಬಮಾಡದೆ ಪಶುವೈದ್ಯರನ್ನು ಕರೆಯಿಸಬೇಕು. ವಿಷವೇರಿದ ದನದ ಮೆಲುಕು ಚೀಲವು ಚಲಿಸದೆ ನಿಂತುಬಿಡುವುದರಿಂದ, ಒಳಗುಳಿದ ಸೊಪ್ಪು ದಿನದಿನವೂ ವಿಷವನ್ನು ಒದಗಿಸುತ್ತಲೇ ಇರುವುದು. ವೈದ್ಯರು ತೂಕದ ಕಿಲೋ ಒಂದಕ್ಕೆ 5 ಗ್ರಾಮಿನಂತೆ ಸಂಸ್ಕರಿಸಿದ ಇದ್ದಿಲಿನ ಪುಡಿಯನ್ನು ಲವಣದ್ರಾವಣದಲ್ಲಿ ಕದಡಿ ನಳಿಕೆಯ ಮೂಲಕ ಹೊಟ್ಟೆಗೆ ಸೇರಿಸುವರು; ಆ ಪುಡಿಯು ವಿಷವನ್ನು ಹಿಡಿದಿಟ್ಟುಕೊಳ್ಳುವುದು. ಒಲೆಯ ಇದ್ದಿಲು ಈ ಕೆಲಸಕ್ಕೆ ಬಾರದು. ಮನೆಯವರೇ ಬಾಯಿಗೆ ಹೊಯ್ದರೆ ಮದ್ದು ಶ್ವಾಸಕೋಶವನ್ನು ಸೇರುವ ಭಯವೂ ಉಂಟು.

ನಿವಾರಣೆ

ಲಂಟಾನದ ನಡುವೆ ಬೆಳೆದ ದನಗಳು ಸಾಮಾನ್ಯವಾಗಿ ಅದನ್ನು ಮುಟ್ಟವು. ಹೊರಗಿನಿಂದ ಹೊಸದಾಗಿ ಕೊಂಡುತಂದವು, ಎಳೆಯವು ಮತ್ತು ಹಸಿದವು ಮುಟ್ಟುವುವು. ಬೇಸಿಗೆಯಲ್ಲಿ ಹುಲ್ಲು ಒಣಗಿದಾಗ ಈ ಭಯವು ಹೆಚ್ಚು. ಆಗ ಕೊಟ್ಟಿಗೆಯಲ್ಲಿ ಸ್ವಲ್ಪ ಮೇವು ಹಾಕಿದ ಮೇಲೆಯೇ ದನಗಳನ್ನು ಹೊರಗೆ ಬಿಡುವುದು ಲೇಸು. ಒಣಗಿದ ಲಂಟಾನದಲ್ಲಿಯೂ ವಿಷವುಳಿಯುವುದರಿಂದ ಕೊಟ್ಟಿಗೆಗೆ ಹಾಸುವ ಸೊಪ್ಪಿನಲ್ಲಿ ಇದು ಸೇರದಂತೆ ನೋಡಿಕೊಳ್ಳಬೇಕು.

ಬಾಣೆಯಲ್ಲಿ ಪೊದೆಯನ್ನು ಮೇಲುಮೇಲೆ ಕಡಿದರೆ ಅದು ಮತ್ತಷ್ಟು ದಟ್ಟವಾಗಿ ಚಿಗುರುವುದು. ಹಣ್ಣಾಗುವ ಮೊದಲೇ, ನೆಲದಿಂದ ಕೆಲವು ಅಂಗುಲ ಕೆಳಗೆ ತಾಯಿಬೇರನ್ನು ಕತ್ತರಿಸಿ, ಗಿಡವನ್ನು ಬೇರು ಮೇಲಾಗುವಂತೆ ಮಗುಚಿ ಒಣಗಿಸತಕ್ಕದ್ದು; ತೆರವಾದ ಸ್ಥಳದಲ್ಲಿ ಕೂಡಲೇ ಹುಲ್ಲನ್ನೋ ನಾಡಿನ ಮರಗಳನ್ನೋ ಬೆಳೆಸತಕ್ಕದ್ದು. ಒಬ್ಬರ ಬಾಣೆಯು ಶುದ್ಧವಾಗಿ ನೆರೆಯವರದು ಹಾಗೆಯೇ ಉಳಿದರೆ ಹಕ್ಕಿಗಳು ಆ ಶ್ರಮವನ್ನು ಒಂದೆರಡು ವರ್ಷಗಳಲ್ಲಿಯೇ ವ್ಯರ್ಥಮಾಡುವುವು. ಆದಕಾರಣ ಊರ ತಕ್ಕರೂ ಹಿರಿಯರೂ ಜಮೀನುದಾರರೂ ಕೂಡಿ, ದನಗಳು ಮೇಯುವ ಬಾಣೆಗಳನ್ನು ಮೊದಲುಮಾಡಿಕೊಂಡು, ಒಂದೇ ಕಾಲದಲ್ಲಿ ಈ ಕೆಲಸವನ್ನು ನಡೆಯಿಸುವುದು ಉಚಿತ.