ಬರಹ ಸ್ಪರ್ಧೆ: ಮೊದಲು ತಕ್ಕಡಿ ಸರಿಮಾಡಿ

ನಮ್ಮೂರಿನ ಹತ್ತು ಹನ್ನೆರಡು ಕೃಷಿಕರು ಸೇರಿ ತಿಂಗಳಿಗೊಂದು ಬರಹ ಸ್ಪರ್ಧೆ ಸುರುಮಾಡಿದೆವು. ನಾಲ್ಕನೇ ತಿಂಗಳಿಗೇ ಅದು ನಿಲ್ಲುವ ಹಂತಕ್ಕೆ ಬಂತು. ಹಣದ ಕೊರತೆ ಇರಲಿಲ್ಲ, ಬರೆಯುವವರಿಗೂ ಬರ ಇರಲಿಲ್ಲ. ತಕ್ಕಡಿ ಸರಿ ಇರಲಿಲ್ಲ, ಅಷ್ಟೆ.

ಆ ತಿಂಗಳ ವಿಷಯ 'ಮಳೆಗಾಲದ ಮೊದಲಿನ ತಯಾರಿ'. ಒಂಬತ್ತು ಬರಹ ಬಂತು. ತೀರ್ಪು ಕೊಟ್ಟವರು ಒಬ್ಬರೇ. ಓದಿಕೊಂಡವರು, ನಮಗೆಲ್ಲ ಅವರ ಮೇಲೆ ಗೌರವ. ಬಹುಮಾನ ಸಿಕ್ಕಿದ್ದು ಬೋರ್ಡೋ ದ್ರಾವಣದ ಬಗ್ಗೆ ಬರೆದ ಲೇಖನಕ್ಕೆ. ಭಾಷೆ ಚೆಂದ, ಅಕ್ಷರ ಮುತ್ತಿನ ಹಾಗೆ. ಸಭೆಯಲ್ಲಿ ಓದಿ, ಚಪ್ಪಾಳೆಯೂ ಆಯಿತು. ಆಗ ಹಿಂದೆ ಕೂತಿದ್ದ ಅಕ್ಕ ಒಬ್ಬರು ಮೆಲ್ಲಗೆ ಕೇಳಿದರು: "ಅಣ್ಣ, ಒಂದು ಕಿಲೋ ಮೈಲುತುತ್ತಿಗೆ ಕಾಲು ಕಿಲೋ ಸುಣ್ಣ ಅಂತ ಓದಿದಿರಲ್ಲ, ಅದು ಸಾಕಾಗ್ತದಾ?"

ಸಾಕಾಗುವುದಿಲ್ಲ. ಶೇಕಡಾ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಇದು ಅಡಿಕೆ ಬೆಳೆಯುವ ಮನೆಯಲ್ಲಿ ಮಕ್ಕಳಿಗೂ ಗೊತ್ತು. ಸುಣ್ಣ ಕಡಿಮೆಯಾದರೆ ಎಳೆಕಾಯಿ ಸುಡುತ್ತದೆ. ಕತ್ತಿಯ ಅಲಗನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ನೋಡಿ. ತಾಮ್ರದ ಕೆಂಪು ಹಿಡಿದರೆ ಇನ್ನೂ ಸುಣ್ಣ ಬೇಕು ಎಂದು ಅರ್ಥ. ಲೇಖಕರು ಬರೆಯುವ ಅವಸರದಲ್ಲಿ ತಪ್ಪಿದ್ದರು. ತೀರ್ಪುಗಾರರು ತೋಟದವರಲ್ಲ, ಅವರಿಗೆ ಗೊತ್ತಾಗಲಿಲ್ಲ. ತೋಟದವರಾದ ನಾವು ಚಪ್ಪಾಳೆ ತಟ್ಟಿದೆವು!

ಅದೇ ಅಕ್ಕ ಆ ತಿಂಗಳು ಒಂದೂವರೆ ಪುಟ ಬರೆದಿದ್ದರು, ಪೆನ್ಸಿಲಿನಲ್ಲಿ. ಹಲಸಿನ ಬೇಳೆಗೆ ಕೆಮ್ಮಣ್ಣು ಬಳಿದು ಮಳೆಗಾಲ ಪೂರ್ತಿ ಹಾಳಾಗದಂತೆ ಇಡುವ ಕ್ರಮ. ಬೇಳೆ ಎಷ್ಟು ಆರಬೇಕು, ಮಣ್ಣು ಎಷ್ಟು ತೆಳು ಇರಬೇಕು, ಎಲ್ಲಿ ಇಡಬೇಕು, ಎಲ್ಲ ಇತ್ತು. ಅದರ ಬಗ್ಗೆ ಒಂದು ಮಾತೂ ಬರಲಿಲ್ಲ. ಮುಂದಿನ ತಿಂಗಳು ಅವರ ಬರಹ ಬರಲಿಲ್ಲ. ಕೇಳಿದ್ದಕ್ಕೆ, "ಅದೆಲ್ಲ ಬಲ್ಲವರಿಗೆ ಮಾರಾಯ್ರೇ, ನಮಗಲ್ಲ" ಎಂದರು. ಇನ್ನು ಮೂವರು ಏನೂ ಹೇಳದೆ ಬಿಟ್ಟರು.

ಸ್ಪರ್ಧೆ ನಡೆಸಿದವರಲ್ಲಿ ನಾನೂ ಒಬ್ಬ. ಹಾಗಾಗಿ ತಪ್ಪು ನನ್ನದೂ ಹೌದು. ಬಹುಮಾನ ತಪ್ಪಿದ್ದು ದೊಡ್ಡ ಸಂಗತಿ ಅಲ್ಲ. ಒಂದು ಮನೆಯ ಐವತ್ತು ವರ್ಷದ ತಿಳಿವಳಿಕೆ ಕಾಗದಕ್ಕೆ ಬಂದು ಮತ್ತೆ ಒಳಗೆ ಹೋಯಿತಲ್ಲ, ಅದು ನಷ್ಟ. ಆಮೇಲೆ ನಾವು ಕೂತು ಮಾಡಿಕೊಂಡ ಕ್ರಮಗಳನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಸಹಾಯ ಸಂಘ, ಯುವಕ ಮಂಡಲ, ಶಾಲೆ, ಎಲ್ಲಿ ಬೇಕಾದರೂ ಇದನ್ನು ಮಾಡಬಹುದು.

ಹೆಸರು ಮುಚ್ಚಿ, ಕೈಬರಹವನ್ನೂ ಮುಚ್ಚಿ

ಹೆಸರು ನೋಡಿ ತೂಗುವ ಚಾಳಿ ಹಳೆಯದು, ಅದಕ್ಕೆ ಮದ್ದೂ ಹಳೆಯದೇ. ಚೀನಾದಲ್ಲಿ ಸಾವಿರ ವರ್ಷದ ಹಿಂದೆ, ಸೋಂಗ್ ದೊರೆಗಳ ಕಾಲದಲ್ಲಿ, ಸರಕಾರಿ ಕೆಲಸದ ಪರೀಕ್ಷೆಗೆ ಉತ್ತರ ಬರೆದವರ ಹೆಸರಿನ ಮೇಲೆ ಕಾಗದ ಅಂಟಿಸುತ್ತಿದ್ದರು. ಆದರೆ ಕೈಬರಹ ನೋಡಿ ಗುರುತು ಹಿಡಿಯುವವರು ಇದ್ದರು. ಆಮೇಲೆ ಗುಮಾಸ್ತರನ್ನಿಟ್ಟು ಪ್ರತಿ ಉತ್ತರವನ್ನೂ ನಕಲು ಮಾಡಿಸಿ, ಆ ನಕಲನ್ನು ಮಾತ್ರ ಪರೀಕ್ಷಕರಿಗೆ ಕೊಡುವ ಕ್ರಮ ತಂದರು.

ಜಪಾನಿನಲ್ಲಿ ಹಾಯ್ಕು ಬರೆಯುವವರ ಕೂಟಗಳಿವೆ. ಕುಕಾಯ್ ಎನ್ನುತ್ತಾರೆ. ಎಷ್ಟೋ ಕಡೆ ತಿಂಗಳಿಗೊಮ್ಮೆ ಸೇರುತ್ತಾರೆ. ಬಂದವರೆಲ್ಲ ತಮ್ಮ ಪದ್ಯವನ್ನು ಸಣ್ಣ ಚೀಟಿಯಲ್ಲಿ ಹೆಸರು ಹಾಕದೆ ಬರೆದು ಕೊಡುತ್ತಾರೆ. ಚೀಟಿಗಳನ್ನು ಕಲಸಿ ಹಂಚಿ, ಒಬ್ಬರದ್ದನ್ನು ಇನ್ನೊಬ್ಬರು ಬೇರೆ ಹಾಳೆಗೆ ನಕಲು ಮಾಡುತ್ತಾರೆ. ಹಾಳೆಗಳು ಕೈಯಿಂದ ಕೈಗೆ ಹೋಗುತ್ತವೆ. ಪ್ರತಿಯೊಬ್ಬರೂ ತಮಗೆ ಮೆಚ್ಚಿದ್ದನ್ನು ಆರಿಸುತ್ತಾರೆ. ತಮ್ಮದನ್ನು ಆರಿಸುವ ಹಾಗಿಲ್ಲ. ಆರಿಸಿದ್ದನ್ನು ಗಟ್ಟಿಯಾಗಿ ಓದಿದಾಗ ಬರೆದವರು ತಮ್ಮ ಹೆಸರು ಹೇಳುತ್ತಾರೆ, ಅಲ್ಲಿಯವರೆಗೆ ಗುಟ್ಟು. ಗುರುವೂ ಶಿಷ್ಯನೂ ಒಂದೇ ಹಾಳೆಯಲ್ಲಿ.

ನಾವೂ ಹಾಗೇ ಮಾಡಿದೆವು. ಬರಹಗಳು ಒಬ್ಬರ ಕೈಗೆ ಮಾತ್ರ ಬರುತ್ತವೆ. ಕಾಗದದಲ್ಲಾದರೂ ಸರಿ, ಫೋನಿನಲ್ಲಾದರೂ ಸರಿ. ಅವರು ನಂಬರ್ ಹಾಕಿ ಹೆಸರಿನ ಪಟ್ಟಿಯನ್ನು ಲಕೋಟೆಯಲ್ಲಿ ಅಂಟಿಸಿ ಇಡುತ್ತಾರೆ. ಕಾಲೇಜಿಗೆ ಹೋಗುವ ಹುಡುಗಿ ಒಬ್ಬಳು ಎಲ್ಲವನ್ನೂ ಒಂದೇ ರೀತಿ ಟೈಪ್ ಮಾಡುತ್ತಾಳೆ. ಪೆನ್ಸಿಲೂ ಇಲ್ಲ, ಮುತ್ತಿನ ಅಕ್ಷರವೂ ಇಲ್ಲ. ಬರಹ ತೆಗೆದುಕೊಳ್ಳುವವರೂ ಟೈಪ್ ಮಾಡುವವರೂ ಆ ತಿಂಗಳು ಬರೆಯುವಂತಿಲ್ಲ, ತೀರ್ಪೂ ಕೊಡುವಂತಿಲ್ಲ.

ಒಂದು ತೊಡಕು ಉಳಿಯಿತು. ಸಣ್ಣ ಊರಿನಲ್ಲಿ ಹೆಸರು ಮುಚ್ಚಿದರೂ ತೋಟ ಮುಚ್ಚಲಿಕ್ಕಾಗುವುದಿಲ್ಲ. 'ಗುಡ್ಡದ ಬುಡದ ಸುರಂಗದ ನೀರು' ಅಂದ ಕೂಡಲೇ ಯಾರೆಂದು ಎಲ್ಲರಿಗೂ ಗೊತ್ತು. ಅದಕ್ಕೆ ಆಚೆ ಊರಿನ ಬಳಗದೊಡನೆ ಮುಯ್ಯಾಳು ಲೆಕ್ಕ ಮಾಡಿಕೊಂಡೆವು. ನಮ್ಮ ಬರಹ ಅವರು ನೋಡುತ್ತಾರೆ, ಅವರದ್ದು ನಾವು. ನಾಟಿ ಕೆಲಸಕ್ಕೆ ಮುಯ್ಯಿ ಹೋಗುತ್ತಿದ್ದ ಹಾಗೆಯೇ.

ಯಾವುದಕ್ಕೆ ತೂಕ ಎಂದು ಮೊದಲೇ ಹೇಳಿ

ವಿಷಯ ಕೊಡುವ ದಿನವೇ ಅಳತೆಯನ್ನೂ ಹೇಳಬೇಕು. ಬರಹ ಬಂದ ಮೇಲೆ ಅಳತೆ ನಿರ್ಧರಿಸಿದರೆ ಅದು ಬೇಕಾದವರ ಕಡೆಗೆ ವಾಲುತ್ತದೆ. ಮನಸ್ಸಿನಲ್ಲಿ ಕೆಟ್ಟದ್ದು ಇಲ್ಲದಿದ್ದರೂ ವಾಲುತ್ತದೆ. ನಮ್ಮ ಅಳತೆ ನಾಲ್ಕೇ ಪ್ರಶ್ನೆ:

1. ಇದು ಬರೆದವರು ಸ್ವತಃ ಮಾಡಿದ್ದೋ, ಕಂಡದ್ದೋ?
2. ಎಷ್ಟು, ಯಾವಾಗ, ಹೇಗೆ ಎನ್ನುವುದು ಸ್ಪಷ್ಟ ಇದೆಯೋ?
3. ಓದಿದವರು ನಾಳೆ ತಮ್ಮಲ್ಲಿ ಮಾಡಿ ನೋಡಬಹುದೋ?
4. ಸರಾಗವಾಗಿ ಓದಿಸಿಕೊಂಡು ಹೋಗುತ್ತದೋ?

ಭಾಷೆ ನಾಲ್ಕನೆಯದು ಎಂಬುದನ್ನು ಗಮನಿಸಿ. ಕಾಗುಣಿತದ ತಪ್ಪಿಗೆ ನಾವು ಕಡಿಯುವುದಿಲ್ಲ, ಟೈಪ್ ಮಾಡುವಾಗಲೇ ಅದು ಸರಿಹೋಗುತ್ತದೆ. ಅಳತೆ, ಮದ್ದು, ಪ್ರಮಾಣ ಇದ್ದ ಬರಹವನ್ನು ಮಾತ್ರ ತೀರ್ಪಿಗೆ ಹೋಗುವ ಮೊದಲೇ ಆ ಬೆಳೆ ಬಲ್ಲ ಇಬ್ಬರು ಪರಿಶೀಲಿಸುತ್ತಾರೆ. ತಪ್ಪು ಕಂಡರೆ ಬರೆದವರಿಗೆ ತಿಳಿಸಿ ತಿದ್ದಲು ಎರಡು ದಿನ ಕೊಡುತ್ತೇವೆ. ಸ್ಪರ್ಧೆಯ ನ್ಯಾಯ ಬರೆದವರಿಗೆ ಮಾತ್ರ ಅಲ್ಲ, ಓದಿ ನಂಬುವವರಿಗೂ ಸಲ್ಲಬೇಕು.

ಬರೆಯಲು ಬಾರದವರು ಹೇಳಬಹುದು, ಇನ್ನೊಬ್ಬರು ಬರೆದುಕೊಳ್ಳಬಹುದು. ಬರೆದುಕೊಂಡವರು ತಮ್ಮ ಒಗ್ಗರಣೆ ಹಾಕಬಾರದು. ಬರೆದದ್ದನ್ನು ಹೇಳಿದವರಿಗೆ ಓದಿ ಹೇಳಿ, ಅವರು ಹೂಂ ಅಂದ ಮೇಲೆಯೇ ಕೊಡಬೇಕು.

ಅಂಕ ಬೇಡ, ಸ್ಥಾನ ಕೊಡಿ

ಮೂವರು ತೀರ್ಪುಗಾರರನ್ನು ಇಟ್ಟು ಅಂಕ ಕೂಡಿಸಿದರೆ ನ್ಯಾಯ ಸಿಕ್ಕೀತು ಎಂದುಕೊಂಡಿದ್ದೆವು. ಸಿಗಲಿಲ್ಲ. ಒಂದು ಉದಾಹರಣೆ ನೋಡಿ. ಬರಹಗಳು ಮೂರು: ಅ, ಆ, ಇ.

ಮೊದಲ ತೀರ್ಪುಗಾರರ ಅಂಕ: ಅ 68, ಆ 65, ಇ 62.
ಎರಡನೆಯವರದ್ದು: ಅ 70, ಆ 66, ಇ 64.
ಮೂರನೆಯವರದ್ದು: ಅ 40, ಆ 55, ಇ 90.
ಒಟ್ಟು: ಅ 178, ಆ 186, ಇ 216.

ಇ ಗೆದ್ದಿತು. ಆದರೆ ಮೂವರಲ್ಲಿ ಇಬ್ಬರು ಅದನ್ನೇ ಕೊನೆಗೆ ಇಟ್ಟಿದ್ದಾರೆ! ಮೊದಲಿನ ಇಬ್ಬರದು ಬಿಗಿ ಕೈ, 60 ಮತ್ತು 70ರ ಒಳಗೇ ಎಲ್ಲ. ಮೂರನೆಯವರದು ಧಾರಾಳ ಕೈ, 40ರಿಂದ 90ರವರೆಗೆ. ಕೈ ಬೀಸಿ ಕೊಟ್ಟವರೊಬ್ಬರ ಮಾತೇ ನಡೆಯಿತು. ಮೋಸ ಯಾರೂ ಮಾಡಲಿಲ್ಲ, ಲೆಕ್ಕವೇ ಹಾಗೆ ಮಾಡಿತು.

ಈಗ ಅಂಕ ಬಿಟ್ಟು ಸ್ಥಾನ ಬರೆಯಿರಿ: 1, 2, 3. ಅ ಬರಹಕ್ಕೆ 1+1+3, ಒಟ್ಟು 5. ಆ ಬರಹಕ್ಕೆ 2+2+2, ಒಟ್ಟು 6. ಇ ಬರಹಕ್ಕೆ 3+3+1, ಒಟ್ಟು 7. ಕಡಿಮೆ ಬಂದದ್ದು ಮೊದಲು. ಅ ಗೆದ್ದಿತು. ಪ್ರತಿ ತೀರ್ಪುಗಾರರಿಗೂ ಸಮ ತೂಕ.

ಈ ಬಗೆಯ ಸ್ಥಾನದ ಲೆಕ್ಕವನ್ನು ಫ್ರಾನ್ಸಿನಲ್ಲಿ 18ನೇ ಶತಮಾನದಲ್ಲೇ ಬೋರ್ಡಾ ಎಂಬ ಗಣಿತಜ್ಞ ಚುನಾವಣೆಗೆಂದು ಸೂಚಿಸಿದ್ದ. (ನಮ್ಮ ಬೋರ್ಡೋಗೂ ಇವನಿಗೂ ಸಂಬಂಧ ಇಲ್ಲ!) ಇದರಲ್ಲೂ ಒಂದು ಕಂಡಿ ಇದೆ. ತಮ್ಮವರನ್ನು ಗೆಲ್ಲಿಸಬೇಕೆಂದರೆ ಪೈಪೋಟಿ ಕೊಡುವ ಬರಹವನ್ನು ಬೇಕೆಂದೇ ಕೊನೆಗೆ ತಳ್ಳಬಹುದು. ಹೆಸರು ಗೊತ್ತಿಲ್ಲದಿದ್ದರೆ, ತೀರ್ಪು ಆಚೆ ಊರಿನಲ್ಲಿ ಆದರೆ, ಆ ಕಂಡಿ ಹೆಚ್ಚುಕಡಿಮೆ ಮುಚ್ಚುತ್ತದೆ.

ಸಮ ಬಂದರೆ ಏನು ಎಂಬುದನ್ನೂ ಮೊದಲೇ ಹೇಳಿಡಿ. ನಮ್ಮಲ್ಲಿ ಹೆಚ್ಚು ಮಂದಿ ಮೊದಲ ಸ್ಥಾನ ಕೊಟ್ಟ ಬರಹಕ್ಕೆ ಗೆಲುವು. ಅದೂ ಸಮವಾದರೆ ಬಹುಮಾನ ಇಬ್ಬರಿಗೂ ಪಾಲು.

ಓದುವ ಸರದಿ ಬದಲಿಸಿ

ಇದನ್ನು ನಾವು ಗಮನಿಸಿಯೇ ಇರಲಿಲ್ಲ. ಬೆಲ್ಜಿಯಂ ದೇಶದ ಬ್ರಸೆಲ್ಸಿನಲ್ಲಿ ರಾಣಿ ಎಲಿಸಬೆತ್ ಹೆಸರಿನ ದೊಡ್ಡ ಸಂಗೀತ ಸ್ಪರ್ಧೆ ಇದೆ. ಯಾರು ಯಾವಾಗ ನುಡಿಸಬೇಕೆಂದು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಆದರೂ ಪಿಯಾನೋ ಸ್ಪರ್ಧೆಯ ಹಲವು ವರ್ಷಗಳ ಫಲಿತಾಂಶ ತೆಗೆದು ಅರ್ಥಶಾಸ್ತ್ರಜ್ಞರು ನೋಡಿದಾಗ, ಮೊದಲ ದಿನ ನುಡಿಸಿದವರಿಗಿಂತ ಆಮೇಲಿನವರಿಗೆ ಒಳ್ಳೆಯ ಸ್ಥಾನ ಸಿಗುವುದು ಹೆಚ್ಚು ಎಂದು ಕಂಡಿತು. ಅಂಥ ಪಳಗಿದ ಕಿವಿಗಳಿಗೇ ಹಾಗಾದರೆ ನಮ್ಮ ಪಾಡೇನು? ದಿನವಿಡೀ ಕೆಲಸ ಮಾಡಿ ರಾತ್ರಿ ಒಂಬತ್ತು ಬರಹ ಓದಿದರೆ ಕೊನೆಯದಕ್ಕೆ ಆಕಳಿಕೆಯೇ ಗತಿ.

ಮದ್ದು ಸುಲಭ. ಒಬ್ಬರಿಗೆ 1ರಿಂದ, ಇನ್ನೊಬ್ಬರಿಗೆ 4ರಿಂದ, ಮತ್ತೊಬ್ಬರಿಗೆ 7ರಿಂದ ಸುರುವಾಗುವಂತೆ ಜೋಡಿಸಿ ಕೊಡಿ. ಎರಡು ದಿನದಲ್ಲಿ ಓದಲಿ, ಸ್ಥಾನ ಬರೆಯುವ ಮೊದಲು ಇನ್ನೊಮ್ಮೆ ತಿರುವಿ ಹಾಕಲಿ. ಬರೆದು ಮುಗಿಯುವ ತನಕ ತೀರ್ಪುಗಾರರು ತಮ್ಮೊಳಗೆ ಮಾತಾಡಬಾರದು. ಮಾತಾಡಿದರೆ ದೊಡ್ಡ ಸ್ವರದವರದ್ದೇ ತೀರ್ಪಾಗುತ್ತದೆ.

ಹಿರಿಯ, ಕಿರಿಯ

ಕಂಬಳದಲ್ಲಿ ಎಲ್ಲ ಕೋಣಗಳನ್ನೂ ಒಂದೇ ಸಾಲಿಗೆ ಬಿಡುವುದಿಲ್ಲ. ಹಗ್ಗ ಹಿರಿಯ, ಹಗ್ಗ ಕಿರಿಯ, ನೇಗಿಲು ಹಿರಿಯ, ನೇಗಿಲು ಕಿರಿಯ ಎಂದು ಬೇರೆ ಬೇರೆ ವಿಭಾಗ. ಬರಹಕ್ಕೂ ಹಾಗೇ. ಪತ್ರಿಕೆಯಲ್ಲಿ ಲೇಖನ ಬಂದವರು ಅಥವಾ ನಮ್ಮಲ್ಲೇ ಎರಡು ಸಲ ಗೆದ್ದವರು ಹಿರಿಯ. ಉಳಿದವರು ಕಿರಿಯ. ಈ ತಿಂಗಳು ಗೆದ್ದವರು ಮುಂದಿನ ತಿಂಗಳು ಸ್ಪರ್ಧೆಗಿಲ್ಲ. ಬದಲಿಗೆ ಆಚೆ ಊರಿನ ಬರಹಕ್ಕೆ ತೀರ್ಪುಗಾರರಾಗಬೇಕು. ಹೀಗೆ ಒಬ್ಬರೇ ಗೆಲ್ಲುತ್ತಾ ಹೋಗುವುದು ತಪ್ಪಿತು. ಇನ್ನೊಬ್ಬರದ್ದನ್ನು ತೂಗಿದವರು ತಮ್ಮದನ್ನು ಬಿಗಿಯಾಗಿ ಬರೆಯುವುದೂ ಕಲಿತರು.

ಬಹುಮಾನ ಸಣ್ಣದಿರಲಿ. ನಾವು ಕೊಡುವುದು ನಾಲ್ಕು ಕಾಳುಮೆಣಸಿನ ಗಿಡ ಅಥವಾ ಒಂದು ಪುಸ್ತಕ. ಬಹುಮಾನ ದೊಡ್ಡದಾದಷ್ಟೂ ಗುಮಾನಿ ದೊಡ್ಡದಾಗುತ್ತದೆ.

ಸೋತವರಿಗೆ ಎರಡು ಸಾಲು

ಎಲ್ಲಕ್ಕಿಂತ ಮುಖ್ಯ ಇದು. ಪ್ರತಿ ಬರಹಕ್ಕೂ ಪ್ರತಿ ತೀರ್ಪುಗಾರರು ಎರಡು ಸಾಲು ಬರೆಯಲೇಬೇಕು. ಒಂದು, ಇದರಿಂದ ನನಗೆ ಸಿಕ್ಕಿದ್ದೇನು. ಎರಡು, ನನಗೆ ಇನ್ನೂ ಏನು ತಿಳಿಯಬೇಕಿತ್ತು. 'ಚೆನ್ನಾಗಿದೆ', 'ಇನ್ನೂ ಚೆನ್ನಾಗಿ ಬರೆಯಬಹುದಿತ್ತು' ಎಂದು ಬರೆದರೆ ಲೆಕ್ಕಕ್ಕಿಲ್ಲ. ಫಲಿತಾಂಶದ ದಿನ ಸ್ಥಾನದ ಪಟ್ಟಿಯನ್ನು ಎಲ್ಲರ ಎದುರು ಗೋಡೆಗೆ ಅಂಟಿಸುತ್ತೇವೆ. ಯಾರು ಬೇಕಾದರೂ ಕೂಡಿಸಿ ನೋಡಬಹುದು. ಕೊನೆಯ ಮೂರು ಬರಹದ ಹೆಸರನ್ನು ಮಾತ್ರ ಹಾಕುವುದಿಲ್ಲ, ನಂಬರ್ ಮಾತ್ರ. ಸೋತದ್ದು ಅವರಿಗೆ ಗೊತ್ತಾದರೆ ಸಾಕು, ಊರಿಗೆ ಗೊತ್ತಾಗಬೇಕೆಂದಿಲ್ಲ.

ತಿಂಗಳ ಲೆಕ್ಕ ಹೀಗೆ: 1ನೇ ತಾರೀಕು ವಿಷಯ ಮತ್ತು ಅಳತೆ. 15ಕ್ಕೆ ಬರಹ ಕೊನೆ. 20ರ ಒಳಗೆ ಟೈಪ್, ಪರಿಶೀಲನೆ, ತಿದ್ದುಪಡಿ. 27ರ ತನಕ ತೀರ್ಪು. ಕೊನೆಯ ಭಾನುವಾರ ಸಭೆ. 15 ದಾಟಿ ಬಂದದ್ದು ಮುಂದಿನ ತಿಂಗಳಿಗೆ. ಅಧ್ಯಕ್ಷರದ್ದಾದರೂ ಅಷ್ಟೆ, ನನ್ನದಾದರೂ ಅಷ್ಟೆ. ಒಮ್ಮೆ ನನ್ನದೇ ಹಾಗೆ ಉಳಿಯಿತು. ಅಡಿಕೆ ಸುಲಿಯುವ ಗಡಿಬಿಡಿ ಎಂದು ಹೇಳಿ ನೋಡಿದೆ, ಯಾರೂ ಕೇಳಲಿಲ್ಲ. ಒಳ್ಳೆಯದೇ ಆಯಿತು.

ಬೋರ್ಡೋ ಬರೆದ ಅಣ್ಣ ತಪ್ಪನ್ನು ಮುಂದಿನ ಸಭೆಯಲ್ಲಿ ತಾವೇ ಎದ್ದು ಹೇಳಿ ತಿದ್ದಿದರು. ಈಗ ಪರಿಶೀಲನೆಯ ಇಬ್ಬರಲ್ಲಿ ಅವರೂ ಒಬ್ಬರು. ಅವರಷ್ಟು ಬಿಗಿ ಬೇರೆ ಯಾರೂ ಇಲ್ಲ.

ಆ ಅಕ್ಕ? ಅವರ ಹಲಸಿನ ಬೇಳೆಯ ಒಂದೂವರೆ ಪುಟವನ್ನು ಕೇಳಿ ತಂದು, ಹೊಸ ಕ್ರಮದಲ್ಲಿ ನಂಬರ್ ಹಾಕಿ ಆಚೆ ಊರಿಗೆ ಕಳಿಸಿದೆವು. ಗೆಲ್ಲಲಿಲ್ಲ, ಎರಡನೆಯದು ಬಂತು. ಆದರೆ ಒಬ್ಬ ತೀರ್ಪುಗಾರರು ಬರೆದ ಎರಡನೇ ಸಾಲು ಹೀಗಿತ್ತು: 'ಮಣ್ಣು ಬಳಿದ ಬೇಳೆಗೆ ಇಲಿ ಬಂದರೆ ನೀವು ಏನು ಮಾಡುತ್ತೀರಿ?' ಅಕ್ಕ ಚೀಟಿ ಓದಿ ನಕ್ಕರು. "ಅದನ್ನು ಬರೆಯಲಿಕ್ಕೆ ಒಂದೂವರೆ ಪುಟ ಸಾಲದು" ಎಂದರು. ಮುಂದಿನ 15ರ ಒಳಗೆ ಮೂರು ಪುಟ ಬಂತು. ಪೆನ್ಸಿಲಿನಲ್ಲೇ.

ನಿಮ್ಮೂರಿನಲ್ಲೂ ಇಂಥ ಸ್ಪರ್ಧೆ ನಡೆಯುತ್ತಿದ್ದರೆ, ನಿಮ್ಮ ಕ್ರಮ ಬೇರೆ ಇದ್ದರೆ, ಬರೆದು ತಿಳಿಸಿ. ನಮ್ಮ ತಕ್ಕಡಿಯಲ್ಲಿ ಇನ್ನೂ ಎಲ್ಲಿ ವಾಲಿಕೆ ಇದೆ ಎಂಬುದು ಹೊರಗಿನವರ ಕಣ್ಣಿಗೇ ಬೇಗ ಕಾಣುತ್ತದೆ.