ಬೆಸುಗೆಯ ಒಡಲನ್ನು ಅರಸುವ ಧ್ವನಿ

ದಾವಣಗೆರೆಯಿಂದ ಹರಿಹರಕ್ಕೆ ರೈಲಿನಲ್ಲಿ ಹೋಗುವುದು ಸುಮಾರು 14 ಕಿಲೋಮೀಟರುಗಳ ಸಣ್ಣ ಪ್ರಯಾಣ. ಈ ದಾರಿಯಲ್ಲಿ ಮೀಟರ್ ಗೇಜ್ ಹಳಿಗಳಿದ್ದ ಕಾಲದ ಪ್ರಯಾಣಿಕರನ್ನು ಕೇಳಿದರೆ, ಗಾಡಿಯ ಗಾಲಿಗಳು ತಾಳ ಹಾಕಿದಂತೆ ಸದ್ದು ಮಾಡುತ್ತಿದ್ದುದನ್ನು ನೆನೆಯುತ್ತಾರೆ. ಹಳಿಯ ಒಂದು ತುಂಡಿಗೂ ಇನ್ನೊಂದಕ್ಕೂ ನಡುವೆ ಬಿಟ್ಟಿದ್ದ ಸಂದನ್ನು ಗಾಲಿ ಹಾಯುವಾಗ ಏಳುತ್ತಿದ್ದ ಸದ್ದು ಅದು. ಇಂದು ಆ ತಾಳ ಬಹುಮಟ್ಟಿಗೆ ಅಡಗಿದೆ. ಸಂದುಗಳನ್ನು ಬೆಸುಗೆಯಿಂದ ಮುಚ್ಚಿ ಹಳಿಯನ್ನು ಅಖಂಡವಾಗಿ ಮಾಡಿರುವುದೇ ಇದಕ್ಕೆ ಕಾರಣ. 13 ಮೀಟರ್ ಉದ್ದದ ಹಳಿಗಳನ್ನೇ ಒಂದಕ್ಕೊಂದು ಬೆಸೆಯುತ್ತ ಹೋದರೆ, ಇಷ್ಟು ದೂರದ ಒಂಟಿ ಮಾರ್ಗಕ್ಕೆ ಎರಡು ಸಾಲುಗಳೂ ಸೇರಿ ಎರಡು ಸಾವಿರಕ್ಕೂ ಮಿಕ್ಕಿ ಬೆಸುಗೆಗಳು ಬೇಕಾಗುತ್ತವೆ. ಕಾರ್ಖಾನೆಯಲ್ಲಿಯೇ ಜೋಡಿಸಿ ತಂದ 260 ಮೀಟರುಗಳ ಹಳಿಗಳಾದರೆ ಸ್ಥಳದಲ್ಲಿ ಬೆಸೆಯಬೇಕಾದುವು ನೂರರ ಆಸುಪಾಸು.

ಪ್ರಯಾಣ ನಯವಾಯಿತು, ನಿಜ. ಆದರೆ ಸಂದು ಇಲ್ಲದ ಹಳಿಗೆ ಹಿಗ್ಗಲೂ ಕುಗ್ಗಲೂ ಎಡೆಯಿಲ್ಲ. ಯಾವುದೋ ಒಂದು ಉಷ್ಣತೆಯಲ್ಲಿ ಎಳೆತವೂ ಒತ್ತಡವೂ ಇಲ್ಲದಂತೆ ಅದನ್ನು ಬಂಧಿಸಿರುತ್ತಾರೆ. ಮಾಘದ ಚಳಿಯಲ್ಲಿ, ಬೆಳಗಿನ ಜಾವ, ಹಳಿ ಆ ಉಷ್ಣತೆಗಿಂತ 25 ಡಿಗ್ರಿ ತಣ್ಣಗಾಯಿತೆನ್ನೋಣ. ಉಕ್ಕು ಒಂದು ಡಿಗ್ರಿಗೆ ತನ್ನ ಉದ್ದದ 0.0000115 ಪಾಲು ಕುಗ್ಗಬೇಕು. ಕುಗ್ಗಗೊಡದೆ ಹಿಡಿದರೆ ಒಳಗೆ ಎಳೆತ ಹುಟ್ಟುತ್ತದೆ. ಉಕ್ಕಿನ ಯಂಗ್ ಗುಣಾಂಕ ಪ್ರತಿ ಚದರ ಮಿಲಿಮೀಟರಿಗೆ 2,07,000 ನ್ಯೂಟನ್. ಈ ಮೂರನ್ನೂ ಗುಣಿಸಿದರೆ ಪ್ರತಿ ಚದರ ಮಿಲಿಮೀಟರಿನ ಮೇಲೆ ಸುಮಾರು 60 ನ್ಯೂಟನ್ ಬಲ ಬೀಳುತ್ತದೆ. ಮೀಟರಿಗೆ 60 ಕಿಲೋಗ್ರಾಂ ತೂಗುವ ಹಳಿಯ ಅಡ್ಡಕೊಯ್ತ ಸುಮಾರು 7,690 ಚದರ ಮಿಲಿಮೀಟರು. ಆದಕಾರಣ ಒಂದೊಂದು ಬೆಸುಗೆಯನ್ನೂ ಎರಡು ಕಡೆಯಿಂದ ಸುಮಾರು 46 ಟನ್ ಭಾರಕ್ಕೆ ಸಮನಾದ ಬಲ ಜಗ್ಗುತ್ತಿರುತ್ತದೆ. ಗಾಡಿ ಇನ್ನೂ ಬಂದೇ ಇಲ್ಲ! ಅದು ಬಂದಾಗ ಗಾಲಿಗಳ ಹೊಡೆತ ಇದರೊಡನೆ ಕೂಡಿಕೊಳ್ಳುತ್ತದೆ. ಬೆಸುಗೆಯೊಳಗೆ ಮೊದಲೇ ಒಂದು ಬಿರುಕು ಅಡಗಿದ್ದರೆ ಅದು ಬಾಯಿ ತೆರೆಯಲು ಇದಕ್ಕಿಂತ ಅನುಕೂಲವಾದ ಹೊತ್ತು ಬೇರೆ ಬೇಕಿಲ್ಲ.

ಹಳಿಯಲ್ಲಿ ಮಾತ್ರವೇ ಬೆಸುಗೆಯೆಂದು ತಿಳಿಯಬಾರದು. ಸಕ್ಕರೆ ಕಾರ್ಖಾನೆಗಳ ಬಾಯ್ಲರುಗಳಲ್ಲಿ, ಹರಿಹರದಿಂದ ತುಂಗಭದ್ರೆಯನ್ನು ದಾಟಿದೊಡನೆ ಸಿಗುವ ಕುಮಾರಪಟ್ಟಣದಲ್ಲಿ ಮರದ ತಿರುಳನ್ನು ಒತ್ತಡದಲ್ಲಿ ಬೇಯಿಸುವ ದೊಡ್ಡ ಪಾತ್ರೆಗಳಲ್ಲಿ, ಉರಿಯನಿಲದ ಕೊಳವೆಗಳಲ್ಲಿ, ಎಲ್ಲೆಲ್ಲಿಯೂ ಉಕ್ಕಿನ ತಟ್ಟೆಯನ್ನು ತಟ್ಟೆಗೆ ಬೆಸೆದಿರುತ್ತಾರೆ. ಸಾಮಾನ್ಯವಾಗಿ ಎರಡು ತಟ್ಟೆಗಳ ಅಂಚುಗಳನ್ನು ಓರೆಯಾಗಿ ಸವರಿ, ನಡುವೆ ಆಗುವ ಕೊರಕಲನ್ನು ಕರಗಿದ ಲೋಹದಿಂದ ಪದರ ಪದರವಾಗಿ ತುಂಬುತ್ತಾರೆ. ತುಂಬುವಾಗ ಗಾಳಿಯ ಗುಳ್ಳೆ ಉಳಿಯಬಹುದು, ಕಿಟ್ಟ ಸಿಕ್ಕಿಕೊಳ್ಳಬಹುದು. ಇವುಗಳಿಗಿಂತ ಕೆಟ್ಟದ್ದು, ಹೊಸ ಲೋಹವು ತಟ್ಟೆಯ ಓರೆಯಂಚಿಗೆ ಕರಗಿ ಬೆರೆಯದೆ ಬರಿದೆ ಒರಗಿಕೊಂಡು ನಿಲ್ಲುವುದು. ಗುಳ್ಳೆ ದುಂಡಗಿರುವುದರಿಂದ ಅದರ ಸುತ್ತ ಬಲ ಅಷ್ಟಾಗಿ ಕೇಂದ್ರೀಕರಿಸದು. ಬೆರೆಯದ ಅಂಚಾದರೋ ಕಾಗದದಂತೆ ತೆಳ್ಳಗೆ, ಚಪ್ಪಟೆಯಾಗಿ ಇರುತ್ತದೆ. ಅದರ ತುದಿಯಿಂದ ಬಿರುಕು ಹರಿಯತೊಡಗುತ್ತದೆ. ಹೊರಗಡೆ ಉಜ್ಜಿ ಹೊಳಪು ಕೊಟ್ಟ ಮೇಲೆ ಒಳ್ಳೆಯ ಬೆಸುಗೆಗೂ ಇದಕ್ಕೂ ಕಣ್ಣಿಗೆ ಭೇದವೇ ಕಾಣಿಸದು.

ಒಳಗನ್ನು ಒಡೆಯದೆ ತಿಳಿಯುವುದು ಹೇಗೆ? ಸಂತೆಯಲ್ಲಿ ಮಡಕೆ ಕೊಳ್ಳುವವರು ಬೆರಳ ಗೆಣ್ಣಿನಿಂದ ಬಡಿದು ನೋಡುತ್ತಾರೆ. ಸೀಳು ಬಿಟ್ಟ ಮಡಕೆ ಬೊದ್ದು ದನಿ ಕೊಡುತ್ತದೆ. ಉಪಾಯ ಸರಿಯಾದುದೇ, ಆದರೆ ಉಕ್ಕಿನ ಸೂಕ್ಷ್ಮ ದೋಷಕ್ಕೆ ಸಾಲದು. ಸೆಕೆಂಡಿಗೆ 1,000 ಸಲ ಕಂಪಿಸುವ ಧ್ವನಿಯ ಅಲೆಯುದ್ದ ಉಕ್ಕಿನಲ್ಲಿ 5.9 ಮೀಟರು, ಏಕೆಂದರೆ ಅಲ್ಲಿ ಅದರ ವೇಗ ಸೆಕೆಂಡಿಗೆ ಸುಮಾರು 5,900 ಮೀಟರು. ಇಂಥ ನೀಳವಾದ ಅಲೆಗೆ ಒಂದೆರಡು ಮಿಲಿಮೀಟರಿನ ಬಿರುಕು ಲೆಕ್ಕಕ್ಕೇ ಇಲ್ಲ. ಅಲೆಯನ್ನು ಬಿರುಕಿನ ಅಳತೆಗೆ ಇಳಿಸಬೇಕಾದರೆ ಕಂಪನಸಂಖ್ಯೆಯನ್ನು ನಮ್ಮ ಕಿವಿಯ ಎಲ್ಲೆಯಾದ 20,000ಕ್ಕಿಂತ ಬಹು ಮೇಲಕ್ಕೆ, ಲಕ್ಷಗಳಿಗೆ, ಏರಿಸಬೇಕು. ಇದೇ ಶ್ರವಣಾತೀತ ಧ್ವನಿ. ಇದರಿಂದ ಲೋಹದ ದೋಷಗಳನ್ನು ಹುಡುಕಬಹುದೆಂದು 1928ರಲ್ಲಿ ಸೋವಿಯತ್ ವಿಜ್ಞಾನಿ ಸೊಕೊಲೊವ್ ಸೂಚಿಸಿದನು. 1940ರ ದಶಕದಲ್ಲಿ ಅಮೆರಿಕದ ಫೈರ್‌ಸ್ಟೋನ್, ಧ್ವನಿಯ ಒಂದು ತುಡಿತವನ್ನು ಒಳಗೆ ಕಳುಹಿಸಿ ಅದರ ಮಾರ್ದನಿಗಾಗಿ ಕಾಯುವ ಉಪಕರಣವನ್ನು ಬಳಕೆಗೆ ತಂದನು. ವಿದ್ಯುತ್ತನ್ನು ಕೊಟ್ಟರೆ ಕಂಪಿಸುವ, ಕಂಪಿಸಿದರೆ ವಿದ್ಯುತ್ತನ್ನು ಕೊಡುವ ಸ್ಫಟಿಕವೊಂದೇ ಇಲ್ಲಿ ಬಾಯಿಯೂ ಹೌದು, ಕಿವಿಯೂ ಹೌದು.

ಬೆಸುಗೆಯ ಪರೀಕ್ಷೆಯಲ್ಲಿ ಅಡ್ಡ ತರಂಗಗಳನ್ನು ಹೆಚ್ಚಾಗಿ ಬಳಸುತ್ತಾರೆ. ಉಕ್ಕಿನಲ್ಲಿ ಅವುಗಳ ವೇಗ ಸೆಕೆಂಡಿಗೆ ಸುಮಾರು 3,230 ಮೀಟರು. 50 ಲಕ್ಷ ಹರ್ಟ್ಸ್‌ನಲ್ಲಿ ಅಲೆಯುದ್ದ 0.65 ಮಿಲಿಮೀಟರು. ಸ್ಫಟಿಕವನ್ನು ಪ್ಲಾಸ್ಟಿಕ್ಕಿನ ಓರೆಗಟ್ಟಿಯ ಮೇಲೆ ಕೂರಿಸಿದರೆ, ಧ್ವನಿಯು ಉಕ್ಕನ್ನು ಹೊಗುವಾಗ ಬೆಳಕಿನಂತೆಯೇ ವಕ್ರೀಭವಿಸಿ, ಬೇಕಾದ ಕೋನದಲ್ಲಿ ಓಡುತ್ತದೆ. ಇಂತಹ 45, 60, 70 ಡಿಗ್ರಿಗಳ ಪ್ರೋಬುಗಳು ಪರೀಕ್ಷಕರ ಪೆಟ್ಟಿಗೆಯಲ್ಲಿ ಚಿರಪರಿಚಿತ.

ತೊಡಕು ಇರುವುದು ಈ ಕೋನದಲ್ಲಿಯೇ. ಕತ್ತಲ ಕೋಣೆಯಲ್ಲಿ ಒಂದು ಕನ್ನಡಿ ಇದೆ. ನಮ್ಮ ಕೈಯಲ್ಲಿ ಬ್ಯಾಟರಿ ದೀಪ ಇದೆ. ಬೆಳಕು ಕನ್ನಡಿಗೆ ನೇರವಾಗಿ ಬಿದ್ದರೆ ಮಾತ್ರ ನಮ್ಮ ಕಣ್ಣಿಗೆ ಮರಳಿ ಹೊಡೆಯುತ್ತದೆ. ಓರೆಯಾಗಿ ಬಿದ್ದರೆ ಇನ್ನೆಲ್ಲಿಯೋ ಗೋಡೆಗೆ ಹೋಗುತ್ತದೆ. ಕನ್ನಡಿ ಇದೆಯೆಂಬುದೇ ನಮಗೆ ತಿಳಿಯದು. ಚಪ್ಪಟೆಯಾದ ಬಿರುಕು ಧ್ವನಿಗೆ ಇಂತಹ ಕನ್ನಡಿ. 20 ಮಿಲಿಮೀಟರ್ ದಪ್ಪದ ತಟ್ಟೆಯ ಅಂಚನ್ನು ಲಂಬಕ್ಕೆ 30 ಡಿಗ್ರಿ ಓರೆಯಾಗಿ ಸವರಿದ್ದಾರೆ, ಆ ಅಂಚಿನಲ್ಲಿಯೇ ಲೋಹ ಬೆರೆತಿಲ್ಲ ಎಂದುಕೊಳ್ಳೋಣ. 60 ಡಿಗ್ರಿಯಲ್ಲಿ ಒಳಹೊಕ್ಕು, ತಟ್ಟೆಯ ತಳದಿಂದ ಪುಟಿದು ಮೇಲೇರುವ ಅಲೆಯು ಈ ಅಂಚಿಗೆ ಸರಿಯಾಗಿ ಲಂಬವಾಗಿ ಬೀಳುತ್ತದೆ. ಬಂದ ದಾರಿಯಲ್ಲಿಯೇ ಮರಳುತ್ತದೆ. ದೋಷವು ಮೇಲ್ಮೈಯಿಂದ 10 ಮಿಲಿಮೀಟರ್ ಆಳದಲ್ಲಿದ್ದರೆ ಅಲೆಯ ದಾರಿ 60 ಮಿಲಿಮೀಟರು, ಹೋಗಿ ಬರುವುದಕ್ಕೆ 120. ಹಿಡಿಯುವ ಕಾಲ ಸುಮಾರು 37 ಮೈಕ್ರೋಸೆಕೆಂಡು. ಇದೇ ದೋಷವನ್ನು 45 ಡಿಗ್ರಿಯ ಪ್ರೋಬಿನಿಂದ ನೋಡಿದರೆ ಅಲೆಯು 15 ಡಿಗ್ರಿ ಓರೆಯಾಗಿ ಬಿದ್ದು, ಮರಳುವ ದಾರಿಗೆ 30 ಡಿಗ್ರಿ ಸರಿದು ಹೋಗುತ್ತದೆ. ಪರದೆಯ ಮೇಲೆ ಕ್ಷೀಣವಾದ ಗೆರೆಯೊಂದು ಎದ್ದರೆ ಎದ್ದೀತು. ಪರೀಕ್ಷೆ ಶ್ರದ್ಧೆಯಿಂದಲೇ ನಡೆಯಿತು, ದೋಷವೂ ಇತ್ತು, ಆದರೆ ಕಾಣಲಿಲ್ಲ.

ಒಂದೇ ಪ್ರೋಬು ಎಲ್ಲ ಕೋನಗಳಲ್ಲಿಯೂ ನೋಡುವಂತಿದ್ದರೆ? ಫೇಸ್ಡ್ ಅರೇ ಎಂಬ ಏರ್ಪಾಡು ಮಾಡುವುದು ಇದನ್ನೇ. ಅಲೆಗಳ ಪ್ರಾವಸ್ಥೆಯನ್ನು ಕ್ರಮಪಡಿಸಿದ ಸ್ಫಟಿಕಗಳ ಸಾಲು ಎಂದು ಅದರ ಅರ್ಥ. ದಾವಣಗೆರೆ, ಹರಿಹರದ ವಿದ್ಯಾರ್ಥಿಗಳಲ್ಲಿ ಅನೇಕರು ಕೊಂಡಜ್ಜಿಯ ಕೆರೆಯನ್ನು ಕಂಡಿರಬೇಕು. ನೀರು ನಿಶ್ಚಲವಾಗಿರುವ ದಿನ ಅದರ ಏರಿಯ ಮೇಲೆ ಹದಿನಾರು ಮಂದಿ ಸಮದೂರದಲ್ಲಿ ಸಾಲಾಗಿ ನಿಂತು, ಒಂದೇ ಸಲಕ್ಕೆ ಒಂದೊಂದು ಕಲ್ಲನ್ನು ನೀರಿಗೆ ಬಿಡಲಿ. ಹದಿನಾರು ವೃತ್ತಗಳು ಹರಡಿ, ಒಂದರೊಳಗೊಂದು ಕೂಡಿ, ಏರಿಗೆ ಸಮಾನಾಂತರವಾದ ಒಂದೇ ಅಲೆಯ ಸಾಲಾಗಿ ಮುಂದೆ ಸಾಗುತ್ತವೆ. ಇನ್ನು, ಎಡದವನು ಮೊದಲು, ಅವನ ಪಕ್ಕದವನು ಕೊಂಚ ತಡೆದು, ಅವನ ಪಕ್ಕದವನು ಇನ್ನೂ ಅಷ್ಟೇ ತಡೆದು, ಹೀಗೆ ಕ್ರಮವಾಗಿ ಬಿಡಲಿ. ಮೊದಲ ವೃತ್ತ ದೊಡ್ಡದಾಗಿಯೂ ಕಡೆಯದು ಚಿಕ್ಕದಾಗಿಯೂ ಇದ್ದು, ಅವುಗಳ ಮುಂಚೂಣಿಯು ಬಲಕ್ಕೆ ಓರೆಯಾಗಿ ತಿರುಗುತ್ತದೆ. ಯಾರೂ ಮುಖ ತಿರುಗಿಸಲಿಲ್ಲ. ಕಾಲದ ಅಂತರವೇ ಅಲೆಯನ್ನು ತಿರುಗಿಸಿತು. ಎರಡು ತುದಿಗಳವರು ಮೊದಲೂ ನಡುವಿನವರು ಕಡೆಗೂ ಬಿಟ್ಟರೆ ಮುಂಚೂಣಿ ಬಿಲ್ಲಿನಂತೆ ಬಾಗಿ ಒಂದು ಬಿಂದುವಿಗೆ ಕೂಡಿಬರುತ್ತದೆ, ಮಸೂರ ಬೆಳಕನ್ನು ಕೂಡಿಸುವಂತೆ. 1690ರಲ್ಲಿ ಪ್ರಕಟವಾದ ಬೆಳಕಿನ ಗ್ರಂಥದಲ್ಲಿ ಹೈಗನ್ಸ್ ಹೇಳಿದ ತತ್ತ್ವವೇ ಇದು. ಇದನ್ನು ಕಾಲೇಜಿನ ಕರಿಹಲಗೆಯ ಮೇಲೆ ಬಿಡಿಸುವಾಗ, ಇದರಿಂದೇನು ಪ್ರಯೋಜನವೆಂದು ಹಿಂದಿನ ಬೆಂಚಿನಿಂದ ಕೇಳಿಬರುವ ಪ್ರಶ್ನೆಗೆ ನಮ್ಮ ಉತ್ತರ ಈಗ ಹರಿಹರದ ಹಳಿಯ ಮೇಲಿದೆ.

ಪ್ರೋಬಿನೊಳಗೆ ಹದಿನಾರು ಮಂದಿಯ ಬದಲು ಹದಿನಾರು ಸ್ಫಟಿಕದ ಪಟ್ಟಿಗಳು. ಒಂದರ ನಡುವಿನಿಂದ ಇನ್ನೊಂದರ ನಡುವಿಗೆ 0.6 ಮಿಲಿಮೀಟರ್ ಅಂತರವಿದೆಯೆನ್ನೋಣ. ಉಕ್ಕಿಗೆ ನೇರವಾಗಿ ತಾಗಿಸಿ, ನೀಳ ತರಂಗವನ್ನು 30 ಡಿಗ್ರಿಗೆ ತಿರುಗಿಸಬೇಕಾದರೆ ಪಕ್ಕಪಕ್ಕದ ಪಟ್ಟಿಗಳ ನಡುವೆ ಎಷ್ಟು ತಡೆಯಬೇಕು? ಅಂತರವನ್ನು ಕೋನದ ಸೈನಿನಿಂದ ಗುಣಿಸಿ ವೇಗದಿಂದ ಭಾಗಿಸಬೇಕು: 0.3 ಮಿಲಿಮೀಟರನ್ನು 5,900 ಮೀಟರಿನಿಂದ ಭಾಗಿಸಿದರೆ ಸುಮಾರು 51 ನ್ಯಾನೋಸೆಕೆಂಡು, ಅಂದರೆ ಸೆಕೆಂಡಿನ ನೂರು ಕೋಟಿ ಪಾಲುಗಳಲ್ಲಿ 51. ಮನುಷ್ಯನ ಕೈಗೆ ನಿಲುಕದ ಈ ನಿಖರತೆ ಇಂದಿನ ವಿದ್ಯುನ್ಮಂಡಲಗಳಿಗೆ ಸುಲಭಸಾಧ್ಯ. ಓರೆಗಟ್ಟಿಯ ಮೂಲಕ ಅಡ್ಡ ತರಂಗವನ್ನು ಕಳುಹಿಸುವಾಗ ಲೆಕ್ಕ ಇನ್ನೂ ಜಟಿಲ. ಅದನ್ನು ಉಪಕರಣವೇ ಮಾಡಿಕೊಳ್ಳುತ್ತದೆ. 40ರಿಂದ 70 ಡಿಗ್ರಿಯವರೆಗೆ ಒಂದೊಂದೇ ಡಿಗ್ರಿ ಸರಿಯುತ್ತ 31 ಕೋನಗಳಲ್ಲಿ ತುಡಿತಗಳನ್ನು ಕಳುಹಿಸಬಹುದು. ಸೆಕೆಂಡಿಗೆ ಸಾವಿರ ತುಡಿತಗಳೆಂದರೂ ಈ ಸುತ್ತು ಸುಮಾರು 0.03 ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಪ್ರತಿಯೊಂದು ಕೋನದ ಮಾರ್ದನಿಗಳನ್ನೂ ಅದರದರ ದಿಕ್ಕಿನಲ್ಲಿ ಬಣ್ಣಗಳಾಗಿ ಹಾಕಿದರೆ ಬೀಸಣಿಗೆಯ ಆಕಾರದ ಚಿತ್ರವೊಂದು ಪರದೆಯ ಮೇಲೆ ಮೂಡುತ್ತದೆ. ಆಸ್ಪತ್ರೆಯಲ್ಲಿ ಹೃದಯದ ಎಕೋ ಮಾಡಿಸಿಕೊಂಡವರು ಇಂಥ ಚಿತ್ರವನ್ನು ಕಂಡಿದ್ದಾರೆ. ಅಲ್ಲಿಯೂ ಇದೇ ತತ್ತ್ವ. 1968ರಲ್ಲಿ ಹಾಲೆಂಡಿನ ಸೋಮರ್ ಅದನ್ನು ವೈದ್ಯಕೀಯಕ್ಕೆ ಅಳವಡಿಸಿ ತೋರಿಸಿದನು.

ಬೆರೆಯದ ಅಂಚು ಯಾವ ಓರೆಯಲ್ಲಿದ್ದರೂ ಆ 31 ಕೋನಗಳಲ್ಲಿ ಒಂದಾದರೂ ಅದಕ್ಕೆ ಲಂಬವಾಗಿಯೋ ಲಂಬಕ್ಕೆ ಸಮೀಪವಾಗಿಯೋ ಬೀಳುವ ಸಂಭವ ಹೆಚ್ಚು. ಎಕ್ಸ್-ಕಿರಣದ ಚಿತ್ರದಲ್ಲಿ ಗುಳ್ಳೆ, ಕಿಟ್ಟಗಳು ಚೆನ್ನಾಗಿ ಕಾಣುತ್ತವೆ. ಆದರೆ ಕಿರಣಕ್ಕೆ ಓರೆಯಾಗಿ ನಿಂತ ತೆಳುವಾದ ಬಿರುಕು ತಪ್ಪಿಸಿಕೊಳ್ಳುವುದುಂಟು. ಕಿರಣದ ಅಪಾಯದಿಂದ ಸುತ್ತಲಿನ ಜನರನ್ನು ದೂರ ಸರಿಸಬೇಕಾದ ಕಷ್ಟವೂ ಇದೆ. ಧ್ವನಿಗೆ ಆ ತಾಪತ್ರಯವಿಲ್ಲ. ಅದಕ್ಕೆ ಬೇಕಾದುದು ಪ್ರೋಬಿಗೂ ಉಕ್ಕಿಗೂ ನಡುವೆ ಒಂದಿಷ್ಟು ನೀರು ಅಥವಾ ಎಣ್ಣೆ, ಅಷ್ಟೆ. ನಡುವೆ ಗಾಳಿ ಉಳಿದರೆ ಧ್ವನಿ ಉಕ್ಕನ್ನು ಹೊಗುವುದೇ ಇಲ್ಲ. ಗಾಳಿಯ ಈ ಗುಣವೇ ಬಿರುಕನ್ನು ಹಿಡಿದುಕೊಡುವುದೂ ಹೌದು.

ಬಣ್ಣದ ಚಿತ್ರ ಕಂಡೊಡನೆ ಸತ್ಯವೇ ಕಂಡಿತೆಂದು ನಂಬುವುದು ನಮ್ಮ ದೃಷ್ಟಿಯಲ್ಲಿ ಈ ಉಪಕರಣದ ದೊಡ್ಡ ಅಪಾಯ. ಬೆಸುಗೆಯ ಬುಡದಲ್ಲಿ ಲೋಹ ಸಹಜವಾಗಿ ಉಬ್ಬಿದ್ದರೂ ಮಾರ್ದನಿ ಬರುತ್ತದೆ. ಅದು ಕೆಂಪಾಗಿ ಹೊಳೆದೀತು. ಆದಕಾರಣ ಗೊತ್ತಾದ ಆಳದಲ್ಲಿ ಸಣ್ಣ ರಂಧ್ರಗಳನ್ನು ಕೊರೆದ ಉಕ್ಕಿನ ಗಟ್ಟಿಯ ಮೇಲೆ ಪ್ರೋಬನ್ನು ಮೊದಲು ಇಟ್ಟು, ಯಾವ ಕೋನದಲ್ಲಿಯೂ ಆ ರಂಧ್ರ ಒಂದೇ ಪ್ರಬಲತೆಯಲ್ಲಿ ತೋರುವಂತೆ ಹೊಂದಿಸಿಕೊಳ್ಳಬೇಕು. ಈ ಕೆಲಸವನ್ನು ಬೇಸರಪಟ್ಟು ಬಿಟ್ಟವನ ಚಿತ್ರಕ್ಕೆ ಬೆಲೆಯಿಲ್ಲ.

ಇನ್ನು ನಮ್ಮ ಹಳಿಗೆ ಮರಳೋಣ. ಸ್ಥಳದಲ್ಲಿ ಮಾಡುವ ಥರ್ಮಿಟ್ ಬೆಸುಗೆ ಒಂದು ಎರಕವೇ ಸರಿ. ಅಲ್ಯೂಮಿನಿಯಂ ಪುಡಿಯು ಕಬ್ಬಿಣದ ಆಕ್ಸೈಡಿನಿಂದ ಆಮ್ಲಜನಕವನ್ನು ಕಸಿದುಕೊಳ್ಳುವಾಗ ಹುಟ್ಟುವ ಬಿಸಿಯಲ್ಲಿ ಕರಗಿದ ಉಕ್ಕು ಅಚ್ಚಿನೊಳಕ್ಕೆ ಇಳಿಯುತ್ತದೆ. ಎರಕದ ಹರಳುಗಳು ದಪ್ಪ. ಅಲೆಯುದ್ದ ಚಿಕ್ಕದಾದಷ್ಟೂ ಅವು ಧ್ವನಿಯನ್ನು ಚೆದರಿಸುತ್ತವೆ. ಹೀಗಾಗಿ ಇಲ್ಲಿ 20 ಲಕ್ಷ ಹರ್ಟ್ಸ್‌ನ, 1.6 ಮಿಲಿಮೀಟರ್ ಉದ್ದದ ಅಲೆಗಳಿಗೆ ತೃಪ್ತಿಪಡಬೇಕಾಗುತ್ತದೆ. ಹಳಿಯ ಪಾದದ ತಳದಲ್ಲಿ, ನಡುಗೋಡೆಯ ಕೆಳಗೆ, ಅರ್ಧಚಂದ್ರಾಕಾರದ ಬಿರುಕೊಂದು ಹುಟ್ಟುವುದುಂಟು. ಅದು ಹಳಿಗೆ ಅಡ್ಡವಾಗಿ, ಲಂಬವಾಗಿ ನಿಂತಿರುತ್ತದೆ. ಮೇಲಿನಿಂದ ನೆಟ್ಟಗೆ ಇಳಿಯುವ ಧ್ವನಿಗೆ ಅದರ ಮುಖ ಕಾಣದು, ಅಂಚು ಮಾತ್ರ. 45 ಡಿಗ್ರಿಯಲ್ಲಿ ಇಳಿದ ಅಲೆಯಾದರೆ 172 ಮಿಲಿಮೀಟರ್ ಎತ್ತರದ ಹಳಿಯಲ್ಲಿ 243 ಮಿಲಿಮೀಟರ್ ದಾರಿ ನಡೆದು, ತಳವೂ ಬಿರುಕೂ ಕೂಡುವ ಮೂಲೆಯಿಂದ ಪುಟಿದು ಬರುತ್ತದೆ. ಕೋನಗಳನ್ನು ಬೀಸುವ ಪ್ರೋಬು ಈ ಮೂಲೆಯನ್ನು ಹಲವು ದಿಕ್ಕುಗಳಿಂದ ನೋಡಬಲ್ಲುದು. ಆದರೆ ಪಾದದ ಎರಡು ಪಕ್ಕದ ರೆಕ್ಕೆಗಳಿಗೆ ತಲೆಯ ಮೇಲಿನಿಂದ ಧ್ವನಿಗೆ ದಾರಿಯೇ ಇಲ್ಲ. ಕಿರಿದಾದ ನಡುಗೋಡೆ ಅದನ್ನು ಬಿಡುವುದಿಲ್ಲ. ಎಷ್ಟೇ ಸ್ಫಟಿಕಗಳಿದ್ದರೂ ಪರೀಕ್ಷಕನು ಬಗ್ಗಿ, ಜಲ್ಲಿಯ ಮೇಲೆ ಮೊಣಕಾಲೂರಿ, ಆ ರೆಕ್ಕೆಗಳ ಮೇಲೆಯೇ ಪ್ರೋಬನ್ನು ಇಡಬೇಕು.

ದೋಷ ಕಂಡ ಬೆಸುಗೆಗೆ ಬಣ್ಣದ ಗುರುತು ಹಾಕಿ, ಅದನ್ನು ಕತ್ತರಿಸಿ ಬೇರೆ ಹಾಕುವವರೆಗೆ ಎರಡು ಪಕ್ಕಕ್ಕೂ ಉಕ್ಕಿನ ಪಟ್ಟಿಗಳನ್ನು ಬಿಗಿಯುತ್ತಾರೆ. ಬೆಸುಗೆಯ ಉಬ್ಬಿಗೆ ತಾಗದಂತೆ ಈ ಪಟ್ಟಿಗಳು ನಡುವಿನಲ್ಲಿ ಹೊರಕ್ಕೆ ಬಾಗಿರುತ್ತವೆ. ಹರಿಹರದ ನಿಲ್ದಾಣದಲ್ಲಿ ಗಾಡಿಗಾಗಿ ಕಾಯುವಾಗ ಕೆಳಗಿನ ಹಳಿಯ ಕಡೆ ನೋಡಿದರೆ, ಒಂದೊಮ್ಮೆ ಅಂತಹ ಪಟ್ಟಿಯೊಂದು ಕಣ್ಣಿಗೆ ಬಿದ್ದೀತು.