ನೆಲದಡಿಯ ಒಳಚರಂಡಿ ಕೊಳವೆ: ತಪಾಸಣೆ, ದುರಸ್ತಿ ಮತ್ತು ಬದಲಾವಣೆ

ಕೆಳಗೆ ಅಂಗಡಿ, ಮೇಲೆ ಮನೆ. ಅಥವಾ ಮುಂದೆ ಕಾರ್ಯಾಗಾರ, ಹಿಂದೆ ವಾಸ. ಕರ್ನಾಟಕದ ಹಳೆಯ ಪೇಟೆ ಬೀದಿಗಳಲ್ಲಿ ಎಷ್ಟೋ ಸಣ್ಣ ವ್ಯಾಪಾರಿಗಳ ಹಾಗೂ ಸಣ್ಣ ಉತ್ಪಾದಕರ ಬದುಕು ನಡೆಯುವುದು ಇಂತಹ ಕಟ್ಟಡಗಳಲ್ಲಿಯೇ. ಶೌಚಾಲಯ, ಬಚ್ಚಲು ಮತ್ತು ಅಡುಗೆಮನೆಗಳ ಕೊಳಕು ನೀರು ಅಂಗಡಿಯ ನೆಲದಡಿಯಲ್ಲಿಯೇ ಹಾದು ಬೀದಿಯ ಒಳಚರಂಡಿಯನ್ನು ಸೇರುತ್ತದೆ. ಆ ಕೊಳವೆ ಕಟ್ಟಿಕೊಂಡ ದಿನ ಮನೆ ಮತ್ತು ವ್ಯಾಪಾರ ಎರಡೂ ಒಟ್ಟಿಗೆ ನಿಲ್ಲುತ್ತವೆ. ನೆಲದ ಮೇಲಿಟ್ಟ ದಾಸ್ತಾನು ಹಾಳಾಗುತ್ತದೆ. ಇಂತಹ ಗಾಬರಿಯಲ್ಲಿ, ಕೊಳವೆ ಎಲ್ಲಿ ಮತ್ತು ಏಕೆ ಕೆಟ್ಟಿದೆಯೆಂದು ತಿಳಿಯುವ ಮೊದಲೇ ನೆಲ ಅಗೆಸುವುದು ಸಾಮಾನ್ಯ. ಹಾಗೆ ಮಾಡಿಸಿದ ಕೆಲಸಕ್ಕೆ ಬಹಳ ಸಲ ಎರಡು ಬಾರಿ ಹಣ ತೆರಬೇಕಾಗುತ್ತದೆ. ಮೊದಲು ತಪಾಸಣೆ, ಅನಂತರ ನಿರ್ಧಾರ, ಕೊನೆಯಲ್ಲಿ ಗುದ್ದಲಿ ಎಂಬ ಅನುಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಹೊಣೆಯ ಗಡಿ

ಆವರಣದೊಳಗಿನ ಕೊಳವೆ ಹಾಗೂ ಛೇಂಬರುಗಳ ನಿರ್ವಹಣೆ ಕಟ್ಟಡದ ಮಾಲೀಕನ ಹೊಣೆ. ಬೀದಿಯ ಮುಖ್ಯ ಕೊಳವೆಯನ್ನು ಬೆಂಗಳೂರಿನಲ್ಲಿ 1964ರಲ್ಲಿ ಸ್ಥಾಪನೆಯಾದ ಜಲಮಂಡಲಿ ನೋಡಿಕೊಳ್ಳುತ್ತದೆ; ಉಳಿದ ಊರುಗಳಲ್ಲಿ ಸಾಮಾನ್ಯವಾಗಿ ನಗರ ಸ್ಥಳೀಯ ಸಂಸ್ಥೆಗಳು ನೋಡಿಕೊಳ್ಳುತ್ತವೆ. ಆದುದರಿಂದ ಮೊದಲು ಮಾಡಬೇಕಾದ ಕೆಲಸ, ಆವರಣದ ಕೊನೆಯ ಛೇಂಬರಿನ ಮುಚ್ಚಳ ತೆಗೆದು ನೋಡುವುದು. ಛೇಂಬರು ತುಂಬಿ ನಿಂತಿದ್ದರೆ ತಡೆ ಅದರಿಂದ ಮುಂದೆ, ಅಂದರೆ ಬೀದಿಯ ಕಡೆಗೆ ಇದೆ. ಛೇಂಬರು ಬರಿದಾಗಿದ್ದು ಒಳಗಿನ ಶೌಚಾಲಯ ಉಕ್ಕುತ್ತಿದ್ದರೆ ತಡೆ ಕಟ್ಟಡದೊಳಗೇ ಇದೆ. ನೆರೆಮನೆಗಳಲ್ಲಿಯೂ ಅದೇ ತೊಂದರೆಯಿದ್ದರೆ ದೋಷವಿರುವುದು ಮುಖ್ಯ ಕೊಳವೆಯಲ್ಲಿ. ಆಗ ಪ್ಲಂಬರನ್ನು ಕರೆಸುವ ಬದಲು ಸಂಬಂಧಪಟ್ಟ ಕಚೇರಿಗೆ ಲಿಖಿತ ದೂರು ಕೊಡುವುದೇ ಸರಿಯಾದ ಮಾರ್ಗ. ಐದು ನಿಮಿಷಗಳ ಈ ಪರೀಕ್ಷೆಯಿಂದ ಅನಾವಶ್ಯಕವಾದ ಅಗೆತ ತಪ್ಪುತ್ತದೆ.

ಕೊಳವೆ ಕೆಡುವ ಬಗೆ

ಹಳೆಯ ಕಟ್ಟಡಗಳಲ್ಲಿ ಹೆಚ್ಚಾಗಿ ಕಾಣುವುದು ಹೊಳಪು ಲೇಪನದ ಸ್ಟೋನ್‌ವೇರ್ ಕೊಳವೆಗಳು. ಈ ಕೊಳವೆ ಆಮ್ಲಕ್ಕೂ ಕ್ಷಾರಕ್ಕೂ ಜಗ್ಗುವುದಿಲ್ಲ. ಆದರೆ ಅದರ ಸಿಮೆಂಟ್ ಕೀಲುಗಳು ಬಿರುಕು ಬಿಡುತ್ತವೆ. ಬಿರುಕಿನಿಂದ ಜಿನುಗುವ ತೇವವನ್ನು ಅರಸಿ ಮರದ ಬೇರುಗಳು ಒಳಹೊಕ್ಕು ಜಾಲವಾಗಿ ಬೆಳೆಯುತ್ತವೆ. ಅದೇ ಬಿರುಕಿನ ಮೂಲಕ ಸುತ್ತಲಿನ ಮಣ್ಣು ಕೊಳವೆಯೊಳಗೆ ಕೊಚ್ಚಿಹೋಗಿ, ನೆಲದಡಿ ಪೊಳ್ಳಾಗಿ, ಕೊಳವೆ ಕುಸಿಯುತ್ತದೆ. ಅಂಗಡಿಯ ಮುಂದೆ ಸರಕಿನ ವಾಹನ ನಿಲ್ಲುವ ಜಾಗದಲ್ಲಿ ಈ ಕುಸಿತ ಬೇಗ ಸಂಭವಿಸುತ್ತದೆ.

ಖಾನಾವಳಿ ಹಾಗೂ ಕುರುಕಲು ತಿಂಡಿ ತಯಾರಿಸುವ ಘಟಕಗಳಲ್ಲಿ ದೋಷ ಬೇರೆಯದು. ಬಿಸಿಯಾಗಿ ಹರಿದ ಜಿಡ್ಡು ಕೊಳವೆಯಲ್ಲಿ ತಣಿದು ಗೋಡೆಗೆ ಅಂಟಿ, ಕ್ರಮೇಣ ಬಾಯನ್ನು ಕಿರಿದಾಗಿಸುತ್ತದೆ. ಇದಕ್ಕೆ ಪರಿಹಾರ ಹೊಸ ಕೊಳವೆಯಲ್ಲ. ಪಾತ್ರೆ ತೊಳೆಯುವ ಜಾಗ ಮತ್ತು ಛೇಂಬರಿನ ನಡುವೆ ಜಿಡ್ಡು ತಡೆಯುವ ತೊಟ್ಟಿ ಕಟ್ಟಿಸಿ, ಅದನ್ನು ನಿಯತವಾಗಿ ತೆಗೆಸುತ್ತಿರುವುದು.

ಮೂರನೆಯ ಕಾರಣ ಮಳೆನೀರು. ತಾರಸಿಯ ನೀರನ್ನು ಒಳಚರಂಡಿಗೆ ಬಿಟ್ಟಾಗ, ಮನೆಯ ಬಳಕೆಗೆಂದು ಹಾಕಿದ ಕೊಳವೆ ಆ ಹೊರೆಯನ್ನು ತಾಳಲಾರದು. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಎತ್ತರವಾಗಿರುವ ಬೀದಿಗಳಲ್ಲಿ, ಮಳೆಗಾಲದಲ್ಲಿ ಮುಖ್ಯ ಕೊಳವೆಯ ನೀರು ತಗ್ಗಿನ ಅಂಗಡಿಗೆ ಹಿಮ್ಮುಖವಾಗಿ ನುಗ್ಗುತ್ತದೆ. ಮಳೆನೀರನ್ನು ಬೇರ್ಪಡಿಸುವುದು ಮತ್ತು ಆವರಣದ ಕೊನೆಯಲ್ಲಿ ಹಿಮ್ಮುಖ ಹರಿವನ್ನು ತಡೆಯುವ ಕವಾಟ ಅಳವಡಿಸುವುದು ಇದಕ್ಕೆ ತಕ್ಕ ಉಪಾಯ. ಕವಾಟ ಮುಚ್ಚಿರುವಷ್ಟು ಹೊತ್ತು ಒಳಗಿನ ನೀರೂ ಹೊರಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು.

ತಪಾಸಣೆಯ ಕ್ರಮ

ಮೊದಲಿಗೆ ಕೊಳವೆಯ ದಾರಿಯನ್ನು ಗುರುತಿಸಬೇಕು. ನಕ್ಷೆ ಇಲ್ಲದಿದ್ದರೆ ಒಂದೊಂದೇ ಶೌಚಾಲಯಕ್ಕೆ ಬಣ್ಣದ ನೀರು ಸುರಿದು, ಅದು ಯಾವ ಛೇಂಬರಿನಲ್ಲಿ, ಎಷ್ಟು ಹೊತ್ತಿನ ಮೇಲೆ ಕಾಣಿಸುತ್ತದೆಂದು ಬರೆದುಕೊಳ್ಳಬೇಕು. ತಡವಾಗಿ ಬಂದರೆ ಎಲ್ಲೋ ನೀರು ನಿಲ್ಲುತ್ತಿದೆ. ಬಾರದೇ ಹೋದರೆ ಸೋರುತ್ತಿದೆ, ಇಲ್ಲವೇ ತಿಳಿಯದ ಇನ್ನೊಂದು ದಾರಿಯಿದೆ.

ಎರಡನೆಯದು ಕನ್ನಡಿ ಪರೀಕ್ಷೆ. ಒಂದು ಛೇಂಬರಿನಲ್ಲಿ ದೀಪ, ಮುಂದಿನದರಲ್ಲಿ ಕನ್ನಡಿ ಹಿಡಿದಾಗ ಪೂರ್ಣ ವೃತ್ತಾಕಾರದ ಬೆಳಕು ಕಂಡರೆ ಕೊಳವೆ ನೇರವಾಗಿದೆ. ವೃತ್ತ ಅರೆಬರೆಯಾಗಿದ್ದರೆ ಕೊಳವೆ ಬಾಗಿದೆ ಅಥವಾ ಒಳಗೆ ಅಡ್ಡಿಯಿದೆ.

ಮೂರನೆಯದು ನೀರಿನ ಪರೀಕ್ಷೆ. ಕೆಳಗಿನ ತುದಿಗೆ ಬಿರಡೆ ಹಾಕಿ, ಮೇಲಿನ ಛೇಂಬರಿನವರೆಗೆ ನೀರು ತುಂಬಿಸಿ ಗುರುತು ಮಾಡಬೇಕು. ಕೀಲುಗಳು ಮೊದಲಿಗೆ ಸ್ವಲ್ಪ ನೀರು ಹೀರುವುದು ಸಹಜ. ಆ ಬಳಿಕವೂ ಮಟ್ಟ ಇಳಿಯುತ್ತಲೇ ಇದ್ದರೆ ಸೋರಿಕೆ ಖಚಿತ.

ಇವುಗಳಿಂದ ಸ್ಪಷ್ಟವಾಗದಿದ್ದಲ್ಲಿ ಕ್ಯಾಮೆರಾ ತಪಾಸಣೆ ಮಾಡಿಸಬೇಕು. ಮೊದಲು ಕೊಳವೆಯನ್ನು ಜೆಟ್ಟಿಂಗ್ ಯಂತ್ರದಿಂದ ತೊಳೆಸದಿದ್ದರೆ ಕ್ಯಾಮೆರಾ ಕೆಸರನ್ನಷ್ಟೇ ತೋರಿಸೀತು. ಚಿತ್ರೀಕರಣದ ಪ್ರತಿಯನ್ನು ಮತ್ತು ಪ್ರತಿಯೊಂದು ದೋಷ ಛೇಂಬರಿನಿಂದ ಎಷ್ಟು ಮೀಟರ್ ದೂರದಲ್ಲಿದೆಯೆಂಬ ಟಿಪ್ಪಣಿಯನ್ನು ಕೇಳಿ ಪಡೆಯಬೇಕು. ಗುತ್ತಿಗೆದಾರರ ದರಗಳನ್ನು ಹೋಲಿಸಿ ನೋಡಲು ಈ ಟಿಪ್ಪಣಿಯೇ ಆಧಾರ.

ಇವುಗಳೊಂದಿಗೆ ನೆಲದಡಿಯ ನೀರಿನ ಸಂಪನ್ನೂ ಪರೀಕ್ಷಿಸುವುದು ಅತ್ಯಗತ್ಯ. ಕಿರಿದಾದ ನಿವೇಶನಗಳಲ್ಲಿ ಸಂಪು ಹಾಗೂ ಕೊಳಚೆ ಕೊಳವೆ ಅಕ್ಕಪಕ್ಕದಲ್ಲಿಯೇ ಇರುತ್ತವೆ. ಕೊಳವೆ ಸೋರಿದರೆ ಸಂಪಿನ ಗೋಡೆಯ ಬಿರುಕಿನ ಮೂಲಕ ಕುಡಿಯುವ ನೀರು ಕೆಡಬಹುದು. ದಿನ ಬಿಟ್ಟು ದಿನ ನೀರು ಬರುವ ಊರುಗಳಲ್ಲಿ, ನಲ್ಲಿಯ ಕೊಳವೆ ಖಾಲಿಯಿರುವ ಹೊತ್ತಿನಲ್ಲಿ ಅದು ಸುತ್ತಲಿನ ಹೊಲಸನ್ನು ಒಳಗೆಳೆದುಕೊಳ್ಳುವ ಅಪಾಯವೂ ಉಂಟು.

ಶುಚಿ, ದುರಸ್ತಿ, ಬದಲಾವಣೆ: ಯಾವುದು ಯಾವಾಗ?

ಕೊಳವೆಯ ಗೋಡೆ ಹಾಗೂ ಇಳಿಜಾರು ಸರಿಯಿದ್ದು ಕಸ, ಜಿಡ್ಡು ಮಾತ್ರ ಕಟ್ಟಿಕೊಂಡಿದ್ದರೆ ಜೆಟ್ಟಿಂಗ್ ಸಾಕು. ಒಂದೆರಡು ಕೀಲುಗಳು ಮಾತ್ರ ಕೆಟ್ಟಿದ್ದರೆ ಅಷ್ಟೇ ಭಾಗವನ್ನು ಅಗೆದು ಹೊಸ ತುಂಡು ಜೋಡಿಸಬಹುದು. ಬಿರುಕುಗಳು ಉದ್ದಕ್ಕೂ ಇದ್ದರೂ ಕೊಳವೆಯ ಆಕಾರ ಕೆಟ್ಟಿಲ್ಲವಾದರೆ ಒಳಲೇಪನ ವಿಧಾನ ಅನ್ವಯಿಸುತ್ತದೆ: ರಾಳದಲ್ಲಿ ತೋಯಿಸಿದ ಬಟ್ಟೆಯ ನಳಿಕೆಯನ್ನು ಹಳೆಯ ಕೊಳವೆಯೊಳಗೆ ತೂರಿಸಿ, ಉಬ್ಬಿಸಿ, ಗಟ್ಟಿಯಾಗಿಸುವುದು. ಈ ವಿಧಾನ 1971ರಲ್ಲಿ ಲಂಡನ್ನಿನ ಒಂದು ಒಳಚರಂಡಿಯಲ್ಲಿ ಮೊದಲು ಬಳಕೆಗೆ ಬಂದಿತು. ನೆಲಹಾಸನ್ನು ಒಡೆಯದೆ, ವಹಿವಾಟನ್ನು ಹೆಚ್ಚು ದಿನ ನಿಲ್ಲಿಸದೆ ಕೆಲಸ ಮುಗಿಯುವುದು ಇದರ ಲಾಭ. ಆದರೆ ಕುಸಿದ ಕೊಳವೆಗೆ ಇದು ಒದಗದು. ತಗ್ಗಿದ ಇಳಿಜಾರನ್ನೂ ಇದು ಸರಿಪಡಿಸದು. ತಗ್ಗಿನಲ್ಲಿ ನೀರು ನಿಲ್ಲುವುದು ಲೇಪನದ ಬಳಿಕವೂ ಮುಂದುವರಿಯುತ್ತದೆ.

ಕೊಳವೆ ಕುಸಿದಿದ್ದರೆ, ಇಳಿಜಾರು ತಪ್ಪಿದ್ದರೆ, ಅಥವಾ ಉದ್ದಕ್ಕೂ ಕೀಲುಗಳು ಸರಿದಿದ್ದರೆ ಬದಲಾವಣೆಯೊಂದೇ ದಾರಿ. ತುಂಡು ತುಂಡಾಗಿ ವರ್ಷ ವರ್ಷವೂ ದುರಸ್ತಿ ಮಾಡಿಸುವುದಕ್ಕಿಂತ ಒಮ್ಮೆಲೇ ಬದಲಿಸುವುದು ಇಲ್ಲಿ ಮಿತವ್ಯಯದ ಕ್ರಮ.

ಇಳಿಜಾರಿನ ಲೆಕ್ಕ

ಕೊಳಚೆ ನೀರು ತನ್ನ ಗಟ್ಟಿ ಪದಾರ್ಥವನ್ನು ತಾನೇ ಒಯ್ಯುವಷ್ಟು ವೇಗದಿಂದ ಹರಿಯಬೇಕು. ಇದಕ್ಕೆ ರೂಢಿಯಲ್ಲಿರುವ ಸರಳ ಸೂತ್ರ: 4 ಅಂಗುಲದ ಕೊಳವೆಗೆ 40ಕ್ಕೆ 1, 6 ಅಂಗುಲದ ಕೊಳವೆಗೆ 60ಕ್ಕೆ 1 ಇಳಿಜಾರು. ಶೌಚಾಲಯದಿಂದ ಬೀದಿಯವರೆಗೆ 20 ಮೀಟರ್ ದೂರವಿದ್ದರೆ 4 ಅಂಗುಲದ ಕೊಳವೆ ಒಟ್ಟು 50 ಸೆಂಟಿಮೀಟರ್ ಇಳಿಯಬೇಕು. 6 ಅಂಗುಲದ್ದಾದರೆ ಸುಮಾರು 33 ಸೆಂಟಿಮೀಟರ್. ಅಗೆತ ಆರಂಭಿಸುವ ಮೊದಲೇ ಬೀದಿಯ ಜೋಡಣೆಯ ಆಳವನ್ನು ಅಳೆಸಿದರೆ, ಅಷ್ಟು ಇಳಿಜಾರು ದೊರೆಯುವುದೋ ಇಲ್ಲವೋ ಎಂಬುದು ತಿಳಿಯುತ್ತದೆ. ಇಳಿಜಾರು ಸಾಲದೆಂದು ಅಗತ್ಯಕ್ಕಿಂತ ದೊಡ್ಡ ಕೊಳವೆ ಹಾಕುವುದು ಕೆಲವೊಮ್ಮೆ ತಿರುಗುಬಾಣವಾಗುತ್ತದೆ. ಕಡಿಮೆ ನೀರು ಅಗಲವಾದ ಕೊಳವೆಯಲ್ಲಿ ತೆಳುವಾಗಿ ಹರಡಿ, ಮಲವನ್ನು ಅಲ್ಲಿಯೇ ಬಿಟ್ಟು ಹೋಗುತ್ತದೆ.

ಸಾಮಗ್ರಿ ಮತ್ತು ಕೆಲಸ

ನೆಲದಡಿಯ ಒಳಚರಂಡಿಗೆ ತಯಾರಾಗುವ ಪಿವಿಸಿ ಕೊಳವೆಗೆ ಐಎಸ್ 15328, ಸ್ಟೋನ್‌ವೇರ್ ಕೊಳವೆಗೆ ಐಎಸ್ 651 ಅನ್ವಯಿಸುವ ಭಾರತೀಯ ಮಾನಕಗಳು. ಪಿವಿಸಿ ಕೊಳವೆಯ ಮೇಲೆ ಎಸ್‌ಎನ್ 2, 4 ಅಥವಾ 8 ಎಂದು ಮುದ್ರಿತವಾಗಿರುತ್ತದೆ. ಅಂಕಿ ಹೆಚ್ಚಿದಷ್ಟೂ ಮೇಲಿನ ಭಾರಕ್ಕೆ ಬಾಗದ ಬಿಗುವು ಹೆಚ್ಚು. ಗೋಡೆಯ ಮೇಲೆ ಇಳಿಸುವ ತೆಳು ಕೊಳವೆಯನ್ನು ನೆಲದಡಿ ಹೂಳುವುದು ಉಳಿತಾಯವಲ್ಲ. ಕಾಂಕ್ರೀಟ್ ಮುಚ್ಚಳಗಳಿಗೆ ಐಎಸ್ 12592ರಲ್ಲಿ 2.5, 10, 20 ಹಾಗೂ 35 ಎಂಬ ಭಾರದ ದರ್ಜೆಗಳಿವೆ. ಜನ ಓಡಾಡುವಲ್ಲಿ ಸಾಕಾಗುವ 2.5ರ ದರ್ಜೆಯ ಮುಚ್ಚಳ, ಲಾರಿ ತಿರುಗುವ ಗೋದಾಮಿನ ಅಂಗಳಕ್ಕೆ ಸಾಲದು.

ತೋಡಿದ ಕಾಲುವೆಯ ತಳದಲ್ಲಿ ಕಲ್ಲು, ಇಟ್ಟಿಗೆಚೂರು ಇರಕೂಡದು. ಕೊಳವೆ ಉದ್ದಕ್ಕೂ ಸಮನಾಗಿ ಕೂತಿರಬೇಕು. ತಿರುವು ಮತ್ತು ಕೂಡುವಿಕೆಗಳಲ್ಲಿ ಛೇಂಬರು ಬೇಕು. ಕೊಳವೆ ಆಳವಿಲ್ಲದೆ ವಾಹನಗಳ ಕೆಳಗೆ ಹಾದಿದ್ದರೆ ಕಾಂಕ್ರೀಟಿನ ಕವಚ ಕೊಡಿಸಬೇಕು. ಒಂದೂವರೆ ಮೀಟರಿಗಿಂತ ಆಳವಾದ ಅಗೆತಕ್ಕೆ ಪಕ್ಕದ ಮಣ್ಣು ಕುಸಿಯದಂತೆ ಹಲಗೆಯ ಆಸರೆ ಕೊಡುವುದು ಕಡ್ಡಾಯವೆಂದು ಭಾವಿಸತಕ್ಕದ್ದು. ರಸ್ತೆ ಅಗೆಯಲು ಸ್ಥಳೀಯ ಸಂಸ್ಥೆಯ ಅನುಮತಿ ಪಡೆದಿರಬೇಕು.

ಮಣ್ಣು ಮುಚ್ಚುವ ಮೊದಲು ನೀರಿನ ಪರೀಕ್ಷೆ, ಕನ್ನಡಿ ಪರೀಕ್ಷೆಗಳೊಂದಿಗೆ ಚೆಂಡಿನ ಪರೀಕ್ಷೆಯನ್ನೂ ಮಾಡಿಸಬೇಕು. ಕೊಳವೆಯ ಒಳವ್ಯಾಸಕ್ಕಿಂತ 13 ಮಿಲಿಮೀಟರ್ ಚಿಕ್ಕದಾದ ನುಣುಪು ಚೆಂಡು ಮೇಲಿನ ತುದಿಯಿಂದ ಉರುಳಿ ಕೆಳಗೆ ತಲುಪಬೇಕು. ಸಿಮೆಂಟಿನ ಗಡ್ಡೆಯೇನಾದರೂ ಉಳಿದಿದ್ದರೆ ಅದು ಅಲ್ಲಿಯೇ ನಿಲ್ಲುತ್ತದೆ.

ಕಾನೂನು ಮತ್ತು ಮನುಷ್ಯಜೀವ

ಇಡೀ ವಿಷಯದಲ್ಲಿ ಅತ್ಯಂತ ಗಂಭೀರವಾದ ಅಂಶ ಇದು. ಮುಚ್ಚಿದ ಮ್ಯಾನ್‌ಹೋಲ್ ಅಥವಾ ಶೌಚಗುಂಡಿಯಲ್ಲಿ ಹೈಡ್ರೋಜನ್ ಸಲ್ಫೈಡ್ ಅನಿಲ ಸಂಗ್ರಹವಾಗಿರಬಹುದು. ಅಲ್ಪ ಪ್ರಮಾಣದಲ್ಲಿ ಕೊಳೆತ ಮೊಟ್ಟೆಯ ವಾಸನೆ ಬೀರುವ ಈ ಅನಿಲ, ಹೆಚ್ಚಾದಾಗ ಮೂಗಿನ ಗ್ರಹಣಶಕ್ತಿಯನ್ನೇ ಕುಂದಿಸುತ್ತದೆ. ವಾಸನೆಯಿಲ್ಲವೆಂದು ಇಳಿದವನು ಕ್ಷಣಗಳಲ್ಲಿ ಪ್ರಜ್ಞೆ ತಪ್ಪುತ್ತಾನೆ. ಅವನನ್ನು ಎತ್ತಲು ಇಳಿದವನಿಗೂ ಅದೇ ಗತಿ.

2013ರ ಕಾಯಿದೆಯು ರಕ್ಷಣಾ ಸಲಕರಣೆಗಳಿಲ್ಲದೆ ಒಳಚರಂಡಿ ಹಾಗೂ ಶೌಚಗುಂಡಿಗಳ ಅಪಾಯಕಾರಿ ಶುಚಿಗೆ ಯಾರನ್ನೂ ನೇಮಿಸಕೂಡದೆಂದು ನಿಷೇಧಿಸಿದೆ. ಮೊದಲ ಬಾರಿಯ ಉಲ್ಲಂಘನೆಗೆ 2 ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಅಥವಾ ಎರಡೂ. ಪುನರಾವರ್ತನೆಗೆ ಈ ಮಿತಿ 5 ವರ್ಷ ಹಾಗೂ 5 ಲಕ್ಷ. ಈ ನಿಷೇಧ ಸರ್ಕಾರಿ ಸಂಸ್ಥೆಗಳಿಗಷ್ಟೇ ಅಲ್ಲ, ಖಾಸಗಿ ವ್ಯಕ್ತಿಗಳಿಗೂ ಅನ್ವಯಿಸುತ್ತದೆ. ಒಳಚರಂಡಿ ಸಾವುಗಳಿಗೆ 2014ರಲ್ಲಿ 10 ಲಕ್ಷ ರೂಪಾಯಿಗಳೆಂದು ನಿಗದಿಯಾಗಿದ್ದ ಪರಿಹಾರವನ್ನು ಸರ್ವೋಚ್ಚ ನ್ಯಾಯಾಲಯವು 2023ರ ಅಕ್ಟೋಬರಿನಲ್ಲಿ 30 ಲಕ್ಷಕ್ಕೆ ಏರಿಸಿತು. ಅಂಗಡಿಯ ಕೆಲಸದಾಳಿಗೆ ನಾಲ್ಕು ಕಾಸು ಹೆಚ್ಚು ಕೊಟ್ಟು ಗುಂಡಿಗೆ ಇಳಿಸುವುದು ಅಪರಾಧ. ಅದಕ್ಕೂ ಮಿಗಿಲಾಗಿ ಒಂದು ಕುಟುಂಬದ ಆಧಾರವನ್ನು ಪಣಕ್ಕಿಟ್ಟಂತೆ. ಯಂತ್ರದಿಂದ ಆಗದ ಕೆಲಸವನ್ನು ಮಾಲೀಕರು ಸಂಬಂಧಪಟ್ಟ ಕಚೇರಿಗೆ ಒಪ್ಪಿಸತಕ್ಕದ್ದು.

ಸಣ್ಣ ಕಾರ್ಖಾನೆಗಳವರು ಇನ್ನೊಂದು ಎಚ್ಚರ ವಹಿಸಬೇಕು. ಲೋಹ ತೊಳೆದ ಆಮ್ಲ, ಬಣ್ಣದ ನೀರುಗಳನ್ನು ಮನೆಯ ಕೊಳವೆಗೆ ಬಿಡುವಂತಿಲ್ಲ. ಆಮ್ಲವು ಸಿಮೆಂಟಿನ ಕೀಲು, ಛೇಂಬರುಗಳನ್ನು ತಿನ್ನುವುದಲ್ಲದೆ, ಕೆಸರಿನಲ್ಲಿರುವ ಸಲ್ಫೈಡಿನಿಂದ ಮೇಲೆ ಹೇಳಿದ ವಿಷಾನಿಲವನ್ನು ಹೊರಡಿಸುತ್ತದೆ. ಇಂತಹ ತ್ಯಾಜ್ಯ ನೀರಿನ ವಿಸರ್ಜನೆಗೆ 1974ರ ಜಲ ಕಾಯಿದೆಯಡಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕಾಗುತ್ತದೆ.

ಕರಾರು ಮತ್ತು ದಾಖಲೆ

ಗುತ್ತಿಗೆಯ ಪತ್ರದಲ್ಲಿ ಕೊಳವೆಯ ಮಾನಕ ಮತ್ತು ದರ್ಜೆ, ಒಟ್ಟು ಉದ್ದ, ಇಳಿಜಾರು, ಛೇಂಬರುಗಳ ಸಂಖ್ಯೆ, ನೆಲಹಾಸನ್ನು ಮರಳಿ ಹಾಕುವ ಹೊಣೆ ಇವೆಲ್ಲ ಸ್ಪಷ್ಟವಾಗಿರಬೇಕು. ಕೊನೆಯ ಕಂತನ್ನು ಪರೀಕ್ಷೆಗಳು ಮುಗಿದ ಮೇಲೆಯೇ ಪಾವತಿಸುವುದು ಯುಕ್ತ. ಬಾಡಿಗೆ ಕಟ್ಟಡವಾದಲ್ಲಿ, ಕಟ್ಟಿಕೊಂಡ ಕೊಳವೆಯ ಶುಚಿ ಯಾರದು, ಕೊಳವೆಯ ಬದಲಾವಣೆ ಯಾರದು ಎಂಬುದನ್ನು ಬಾಡಿಗೆ ಕರಾರಿನಲ್ಲಿಯೇ ಬರೆಸಿಕೊಂಡರೆ ಮುಂದಿನ ವ್ಯಾಜ್ಯ ತಪ್ಪುತ್ತದೆ.

ಹೊಸ ಕೊಳವೆಯ ದಾರಿ, ಆಳ, ಛೇಂಬರುಗಳ ಸ್ಥಾನಗಳನ್ನು ಗೋಡೆಯಿಂದ ಅಳೆದು ನಕ್ಷೆ ಮಾಡಿ, ಮಣ್ಣು ಮುಚ್ಚುವ ಮೊದಲಿನ ಛಾಯಾಚಿತ್ರಗಳೊಂದಿಗೆ ಕಟ್ಟಡದ ಪತ್ರಗಳ ಜೊತೆ ಇಡಬೇಕು. ವರ್ಷಕ್ಕೊಮ್ಮೆ, ಮುಂಗಾರಿಗೆ ಮುಂಚೆ, ಛೇಂಬರುಗಳ ಮುಚ್ಚಳ ತೆಗೆದು ನೋಡುವ ದಿನವನ್ನು ಲೆಕ್ಕಪತ್ರದ ದಿನಗಳಂತೆಯೇ ಗೊತ್ತುಪಡಿಸಿಕೊಳ್ಳುವುದು ಒಳಿತು. ಹಾಗೆ ನೋಡುವವರಿಗೆ ದೋಷವು ಛೇಂಬರಿನಲ್ಲಿಯೇ ಕಾಣಿಸುತ್ತದೆ. ನೋಡದವರಿಗೆ ಅದು ಅಂಗಡಿಯ ನೆಲದ ಮೇಲೆ ಕಾಣಿಸಿಕೊಳ್ಳುತ್ತದೆ.